ಮಕ್ಕಳ ಸರದಿಯಲ್ಲಿ ದೊಡ್ಡವರ ಜಿಮ್ನಾಸ್ಟಿಕ್ಸ್: ಬೋರ್ಡು, ಬಾರು, ಕಾಯುವ ಹೊತ್ತು

ಮೂವತ್ತು ದಾಟಿದವರು ಜಿಮ್ನಾಸ್ಟಿಕ್ಸ್ ಸ್ಪರ್ಧೆಗೆ ಹೆಸರು ಕೊಡ್ತೀನಿ ಅಂದ ತಕ್ಷಣ ಮನೆಯವರು ಕೇಳೋದು, ‘ಈ ವಯಸ್ಸಿಗೆ ಬಿಡ್ತಾರಾ?’ ಅಂತ. ಅಂತಾರಾಷ್ಟ್ರೀಯ ನಿಯಮದಲ್ಲಿ ಸೀನಿಯರ್ ವಿಭಾಗಕ್ಕೆ ಕನಿಷ್ಠ ವಯಸ್ಸಿನ ಮಿತಿ ಇದೆ: ಆ ವರ್ಷದಲ್ಲಿ ಮಹಿಳೆಯರಿಗೆ 16, ಪುರುಷರಿಗೆ 18 ತುಂಬಬೇಕು. ಗರಿಷ್ಠ ಮಿತಿ ಇಲ್ಲ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 1992ರಿಂದ ಸತತ 8 ಒಲಿಂಪಿಕ್ಸ್ ಆಡಿ, ಟೋಕಿಯೋದಲ್ಲಿ ವಾಲ್ಟ್‌ಗೆ (ಓಡಿ ಬಂದು ಟೇಬಲ್ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ಓಡಿದಾಗ 46 ವರ್ಷ. ನಮ್ಮ ದೀಪಾ ಕರ್ಮಾಕರ್ 2024ರಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್ ಚಿನ್ನ ಗೆದ್ದಿದ್ದು 30ನೇ ವಯಸ್ಸಲ್ಲಿ. ಆದರೆ ಈ ಇಬ್ಬರ ಹೆಸರು ಹೇಳಿ ಯಾರಾದರೂ ಹುರಿದುಂಬಿಸಿದರೆ ನಕ್ಕು ಸುಮ್ಮನಾಗಿ. ಅವರು ಎಳವೆಯಿಂದಲೇ ಮ್ಯಾಟ್ ಮೇಲೆ ಬೆಳೆದವರು. ಮೂವತ್ತೈದಕ್ಕೆ ಶುರು ಮಾಡಿ, ಹತ್ತು ವರ್ಷದ ಮಕ್ಕಳ ಜೊತೆ ಒಂದೇ ಸರದಿಯಲ್ಲಿ ನಿಲ್ಲುವವರ ಲೆಕ್ಕ ಬೇರೆ.

ಆ ಲೆಕ್ಕದಲ್ಲಿ ಕಷ್ಟದ ಕಸರತ್ತು ಬರದಿರುವುದು ದೊಡ್ಡ ವಿಷಯವೇ ಅಲ್ಲ. ದೊಡ್ಡವರ ಅಂಕ ಹೋಗೋದು, ಗಾಯ ಆಗೋದು ಮೂರು ಕಡೆ: ನೆಲಕ್ಕೆ ಇಳಿಯುವಾಗ, ಮಕ್ಕಳಿಗೆ ಹೊಂದಿಸಿಟ್ಟ ಉಪಕರಣದ ಮೇಲೆ, ಮತ್ತು ಸರದಿಗೆ ಕಾಯುತ್ತಾ ಕೂತಿರುವಾಗ.

ಮೊದಲು ದೇಹದ ಗಣಿತ. 1.30 ಮೀಟರ್ ಎತ್ತರ, 28 ಕೆಜಿ ತೂಕದ ಹುಡುಗಿಯನ್ನೂ 1.68 ಮೀಟರ್, 65 ಕೆಜಿಯ ಹೆಂಗಸನ್ನೂ ಪಕ್ಕಪಕ್ಕ ಇಡಿ. ದೇಹ ತಿರುಗಲು ಒಡ್ಡುವ ಪ್ರತಿರೋಧ ತೂಕದ ಜೊತೆಗೂ, ಎತ್ತರದ ವರ್ಗದ ಜೊತೆಗೂ ಏರುತ್ತೆ. ಗುಣಿಸಿ ನೋಡಿದರೆ ದೊಡ್ಡವರಿಗೆ ಅದು ನಾಲ್ಕು ಪಟ್ಟಿನ ಹತ್ತಿರ ಬರುತ್ತೆ. ಸ್ನಾಯುವಿನ ಬಲ ಅಷ್ಟು ಪಟ್ಟು ಏರಲ್ಲ. ಹಾಗಾಗಿ ಪಕ್ಕದ ಮಗು ಸಲೀಸಾಗಿ ಸುತ್ತಿ ನಿಲ್ಲುವ ಪಲ್ಟಿಯಲ್ಲಿ ದೊಡ್ಡವರು ಮುಕ್ಕಾಲು ಸುತ್ತಿಗೇ ನೆಲ ಮುಟ್ಟುತ್ತಾರೆ. ಅದನ್ನು ಧೈರ್ಯದ ಕೊರತೆ ಅಂತ ಬೈಯುವ ಕೋಚ್‌ಗಳಿದ್ದಾರೆ. ಅಲ್ಲ, ಬೇಕಿರೋದು ಇನ್ನಷ್ಟು ಎತ್ತರ. ಅದು ಬರೋದು ಕಣಕಾಲು ಮತ್ತು ಮೀನಖಂಡದ ತಾಕತ್ತಿನಿಂದ, ರೌಂಡ್‌ಆಫ್ (ಕೈಯೂರಿ ಪಕ್ಕಕ್ಕೆ ಸುತ್ತಿ ಎರಡೂ ಕಾಲಲ್ಲಿ ಇಳಿಯುವ ಕಸರತ್ತು) ಮುಗಿಸುವಾಗ ಕಾಲೆರಡನ್ನೂ ಕೂಡಿಸಿ ಎದೆ ಎತ್ತುವುದರಿಂದ.

ಮೈಸೂರಲ್ಲಿ ದೊಡ್ಡವರು ಈ ಕಡೆಗೆ ಸಾಮಾನ್ಯವಾಗಿ ಎರಡು ಬಾಗಿಲಿಂದ ಬರುತ್ತಾರೆ. ಒಂದು ಯೋಗಶಾಲೆ, ಇನ್ನೊಂದು ಗರಡಿ. ಗೋಕುಲಂ ಕಡೆ ಅಷ್ಟಾಂಗ ಮಾಡಿದವರಿಗೆ ಉಸಿರು, ಸಮತೋಲನ, ಬೆನ್ನು ಬಾಗಿಸುವುದು ಎಲ್ಲ ಇರುತ್ತೆ. ಆದರೆ ಬಾಗು ಬಹುತೇಕ ಸೊಂಟದಿಂದ ಬರುತ್ತೆ, ಭುಜದಿಂದಲ್ಲ. ಕೈ ಮೇಲೆ ನಿಂತರೆ ದೇಹ ಬಿಲ್ಲಾಗುತ್ತೆ, ಜಡ್ಜ್ ಅದಕ್ಕೆ ಅಂಕ ಕಡಿಯುತ್ತಾರೆ. ಮೇಲಾಗಿ ಯೋಗದಲ್ಲಿ ಎತ್ತರದಿಂದ ನೆಲಕ್ಕೆ ಬೀಳುವ ಅಭ್ಯಾಸವೇ ಇಲ್ಲ, ಎಲ್ಲವೂ ಮೆಲ್ಲಗೆ ಇಳಿಯುವುದು. ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು ಗದೆ ತಿರುಗಿಸಿದವರದ್ದು ಉಲ್ಟಾ ಕಥೆ. ತಳ್ಳುವ ಬಲ ಬೇಕಾದಷ್ಟಿದೆ, ಆದರೆ ತೋಳು ಕಿವಿಗೆ ತಾಗುವಂತೆ ಮೇಲೆ ಹೋಗಲ್ಲ, ಮೊಣಕೈ ಮಡಚಿಕೊಂಡು ಬಲದಲ್ಲೇ ನಿಭಾಯಿಸುತ್ತಾರೆ. ಇಬ್ಬರಿಗೂ ಒಂದೇ ಪರೀಕ್ಷೆ: ಗೋಡೆಗೆ ಬೆನ್ನು, ಸೊಂಟ ಒತ್ತಿ ನಿಂತು, ಮೊಣಕೈ ಮಡಚದೆ ಎರಡೂ ಕೈ ಮೇಲೆತ್ತಿ. ಪಕ್ಕೆಲುಬು ಮುಂದಕ್ಕೆ ಉಬ್ಬದೆ ಹೆಬ್ಬೆರಳು ಗೋಡೆ ಮುಟ್ಟಬೇಕು. ಮುಟ್ಟದಿದ್ದರೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ ಕೈಯೂರಿ ಮತ್ತೆ ಕಾಲ ಮೇಲೆ ನಿಲ್ಲುವುದು) ಕಲಿಯೋದು ಸದ್ಯಕ್ಕೆ ಬೇಡ. ಭುಜ ತೆರೆಯದಿದ್ದರೆ ಆ ಪೆಟ್ಟು ಸೊಂಟಕ್ಕೂ ಮಣಿಕಟ್ಟಿಗೂ ಹೋಗುತ್ತೆ.

ಇಳಿಯುವುದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತೆ, ಸ್ನಾಯುರಜ್ಜುಗೆ ತಿಂಗಳುಗಟ್ಟಲೆ ಬೇಕು. ಈ ಅಂತರದಲ್ಲೇ ಹಿಮ್ಮಡಿಯ ಹಿಂದಿನ ಅಕಿಲೀಸ್ ರಜ್ಜು ಹರಿಯೋದು. ಮೂವತ್ತರಿಂದ ಐವತ್ತರ ನಡುವಿನವರಲ್ಲಿ, ಅದರಲ್ಲೂ ವಾರಕ್ಕೊಮ್ಮೆ ಬಂದು ಜೋರಾಗಿ ಹಾರುವವರಲ್ಲಿ, ಇದು ಹೆಚ್ಚು. ಮೆಟ್ಟಿಲ ಅಂಚಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ 15ರಂತೆ 3 ಸುತ್ತು ಮಾಡಿ. ಮಂಡಿ ನೇರವಿಟ್ಟು ಒಮ್ಮೆ, ಸ್ವಲ್ಪ ಮಡಚಿ ಇನ್ನೊಮ್ಮೆ. ಜೊತೆಗೆ ಬರೀ ಇಳಿಯುವ ಅಭ್ಯಾಸ: 30 ಸೆಂ.ಮೀ. ಪೆಟ್ಟಿಗೆಯಿಂದ ಹೆಜ್ಜೆ ಕೆಳಗಿಟ್ಟು ಎರಡೂ ಕಾಲಲ್ಲಿ ನಿಲ್ಲಿ. ಪಾದದ ನಡುವೆ ಸೊಂಟದಷ್ಟು ಅಂತರ, ಮಂಡಿ ಬೆರಳಿನ ದಿಕ್ಕಿಗೆ, ಹಿಮ್ಮಡಿ ನೆಲಕ್ಕೆ, ಕೈ ಮುಂದೆ. ಮಂಡಿ ಒಳಕ್ಕೆ ವಾಲಿದರೆ ಆ ಎತ್ತರ ಇನ್ನೂ ನಿಮ್ಮದಲ್ಲ. ಮೂರ್ನಾಲ್ಕು ವಾರ ಅದೇ ಎತ್ತರದಲ್ಲಿ ಶಬ್ದವಿಲ್ಲದೆ ನಿಂತ ಮೇಲೆ 60, ಆಮೇಲೆ 90. ಒಂದು ದಿನಕ್ಕೆ ಗಟ್ಟಿ ಇಳಿತಗಳು 30-40 ದಾಟಬಾರದು. ಪಕ್ಕದಲ್ಲಿ ಮಕ್ಕಳು ನೂರು ಸಲ ಹಾರುತ್ತಿರಲಿ, ಅವರ ಪಾಡಿಗೆ ಅವರು. ಇಲ್ಲಿನ ಎಷ್ಟೋ ಹಾಲ್‌ಗಳಲ್ಲಿ ಸ್ಪ್ರಿಂಗ್ ನೆಲವಿಲ್ಲ, ಸಿಮೆಂಟ್ ಮೇಲೆ ಮ್ಯಾಟ್ ಅಷ್ಟೆ. ಅಂಥ ಕಡೆ ಆ ಸಂಖ್ಯೆಯನ್ನೂ ಅರ್ಧ ಮಾಡಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ತಯಾರಿ ಮಾಡುವವರು ತುಂಬ. ಹತ್ತುವುದು ಎದೆಗೂ ಕಾಲಿಗೂ ಒಳ್ಳೆಯದು. ತೊಡೆ ಹಿಡಿದುಕೊಳ್ಳೋದು ಇಳಿಯುವಾಗ. ಸ್ಪರ್ಧೆಗೆ ವಾರ ಇದ್ದಾಗ ನಡೆದು ಇಳಿದರೆ ಎರಡು ದಿನ ಕಾಲು ಮಾತು ಕೇಳಲ್ಲ.

ಈಗ ಉಪಕರಣ. ಸೀನಿಯರ್ ಅಳತೆಗಳು ಗೊತ್ತಿರಲಿ: ಬೀಮ್ (ಮೇಲೆ ನಿಂತು ಸಮತೋಲನದಲ್ಲಿ ಕಸರತ್ತು ಮಾಡುವ ಕಿರಿದಾದ ತೊಲೆ) 5 ಮೀಟರ್ ಉದ್ದ, 10 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ; ವಾಲ್ಟ್ ಟೇಬಲ್ ಮಹಿಳೆಯರಿಗೆ 125, ಪುರುಷರಿಗೆ 135; ಅನ್‌ಈವನ್ ಬಾರ್ (ಮಹಿಳೆಯರ ಎತ್ತರ-ತಗ್ಗಿನ ಜೋಡಿ ಬಾರ್) 170 ಮತ್ತು 250. ಮಕ್ಕಳ ಸುತ್ತು ನಡೆಯುವಾಗ ಇವ್ಯಾವೂ ಹೀಗಿರುತ್ತವೆ ಅನ್ನೋ ಖಾತ್ರಿ ಇಲ್ಲ. ಟೇಬಲ್ ತಗ್ಗಿಸಿರುತ್ತಾರೆ, ಬಾರ್‌ಗಳನ್ನು ಹತ್ತಿರಕ್ಕೆ ತಂದಿರುತ್ತಾರೆ. ಅದೇ ಅಂತರದಲ್ಲಿ ದೊಡ್ಡವರು ಮೇಲಿನ ಬಾರಿಂದ ತೂಗಿದರೆ ಮೊಣಕಾಲ ಕೆಳಗಿನ ಮೂಳೆ ನೇರ ಕೆಳಬಾರಿಗೆ ಬಡಿಯುತ್ತೆ. ಕಾಲು ಮ್ಯಾಟ್‌ಗೆ ತಾಗುವಷ್ಟು ಎತ್ತರದವರಿಗೆ ಬಾರ್‌ಗಳನ್ನು ಏರಿಸಲು ನಿಯಮದಲ್ಲೇ ಅವಕಾಶ ಇದೆ, ಆದರೆ ಕೇಳಬೇಕು, ಅದೂ ಮುಂಚೆ. ಸಂಘಟಕರನ್ನು ಮೊದಲೇ ವಿಚಾರಿಸಿ: ನಮ್ಮನ್ನು ಯಾವ ವಿಭಾಗಕ್ಕೆ ಹಾಕುತ್ತೀರಿ, ಯಾವ ನಿಯಮಾವಳಿಯಲ್ಲಿ ಅಂಕ, ಎತ್ತರ ಬದಲಿಸಲು ನಡುವೆ ಸಮಯ ಸಿಗುತ್ತಾ. ದೊಡ್ಡವರನ್ನೆಲ್ಲ ಒಂದೇ ಸುತ್ತಿನ ಕೊನೆಗೆ ಹಾಕಿದರೆ ಉಪಕರಣ ಒಂದೇ ಸಲ ಬದಲಿಸಿದರೆ ಸಾಕು. ಕೇಳಿದರೆ ಒಪ್ಪುತ್ತಾರೆ, ಅವರಿಗೂ ಕೆಲಸ ಕಡಿಮೆ.

ವಾಲ್ಟ್ ಬೋರ್ಡ್ (ಟೇಬಲ್ ಮುಂದಿನ ಚಿಮ್ಮುಹಲಗೆ) ವಿಷಯವನ್ನು ಯಾರೂ ಗಮನಿಸಲ್ಲ. ಪುಟಾಣಿಗಳಿಗೆಂದು ಬೋರ್ಡಿನ ಎಂಟು ಸ್ಪ್ರಿಂಗ್‌ಗಳಲ್ಲಿ ಎರಡು-ಮೂರು ತೆಗೆದಿಟ್ಟಿರುತ್ತಾರೆ. 25 ಕೆಜಿಯ ಮಗು ಹಾರಿದರೆ ‘ಧಪ್’ ಅಂತ ಎಸೆಯುತ್ತೆ. 65 ಕೆಜಿ ಅದರ ಮೇಲೆ ಬಿದ್ದರೆ ಸ್ಪ್ರಿಂಗ್ ಪೂರ್ತಿ ಕುಗ್ಗಿ, ಹಲಗೆ ಹಲಗೆಗೆ ತಾಗಿ ‘ಟಕ್’ ಅನ್ನುತ್ತೆ. ಆ ‘ಟಕ್’ ಕೇಳಿದಿರೋ, ಎಸೆತ ಸಿಕ್ಕಿಲ್ಲ ಅಂತಲೇ ಅರ್ಥ, ಟೇಬಲ್ ಅಂಚು ಹೊಟ್ಟೆ ಎತ್ತರಕ್ಕೆ ಬರುತ್ತೆ. ಬೋರ್ಡ್ ಎತ್ತಿ ಕೆಳಗೆ ನೋಡಿ, ಸ್ಪ್ರಿಂಗ್ ಎಣಿಸಿ. ಓಟದ ಹಾದಿ ಗರಿಷ್ಠ 25 ಮೀಟರ್, ನಿಮಗೆ ಅಷ್ಟೇನೂ ಬೇಡ, 12-15 ಸಾಕು. ಟೇಬಲ್ ಅಂಚಿನಿಂದ ಟೇಪ್ ಹಿಡಿದು ಅಳೆದು ಸಂಖ್ಯೆ ಬರೆದಿಟ್ಟುಕೊಳ್ಳಿ, ಹೆಜ್ಜೆ ಲೆಕ್ಕ ನಂಬಬೇಡಿ. ಜನ ನೋಡುತ್ತಿದ್ದಾರೆ ಅಂದರೆ ಹೆಜ್ಜೆ ತಾನಾಗೇ ಉದ್ದವಾಗುತ್ತೆ. ಓಡುತ್ತಾ ಓಡುತ್ತಾ ಹೆದರಿಕೆಯಾದರೆ ಬೋರ್ಡ್ ಮುಟ್ಟುವ ಮುಂಚೆ ನಿಂತುಬಿಡಿ. ಮಹಿಳೆಯರ ನಿಯಮದಲ್ಲಿ ಮುಟ್ಟದೆ ನಿಂತರೆ 1.0 ಕಡಿತ, ಮತ್ತೊಮ್ಮೆ ಓಡಬಹುದು. ಬೋರ್ಡನ್ನೋ ಟೇಬಲನ್ನೋ ಮುಟ್ಟಿ ಹಾರದಿದ್ದರೆ ಸೊನ್ನೆ.

ಕೋಚ್ ಪಕ್ಕ ನಿಂತಿದ್ದಾರೆ, ಹಿಡೀತಾರೆ ಅನ್ನೋ ಭರವಸೆ ಬೇಡ. 25 ಕೆಜಿ ಹಿಡಿದು ಅಭ್ಯಾಸವಾದ ಕೈ 70 ಕೆಜಿ ಹಿಡಿಯಲ್ಲ, ಹಿಡಿಯಲು ಹೋಗಿ ಇಬ್ಬರೂ ಬೀಳುತ್ತಾರೆ. ಸ್ಪರ್ಧೆಯಲ್ಲಂತೂ ಮುಟ್ಟಿ ಸಹಾಯ ಮಾಡಿದರೆ ಆ ಕಸರತ್ತಿನ ಬೆಲೆ ಹೋಗುತ್ತೆ, ಮೇಲೆ 1.0 ಕಡಿತ. ಹಾಗಾಗಿ ಒಬ್ಬರೇ ಮಾಡಲು ಬರದಿದ್ದದ್ದು ರೊಟೀನ್‌ಗೆ (ಸ್ಪರ್ಧೆಯಲ್ಲಿ ಮಾಡುವ ಕಸರತ್ತುಗಳ ಸರಣಿಗೆ) ಬರಕೂಡದು.

ರೊಟೀನ್ ಕಟ್ಟುವುದು ದುಡ್ಡಿನ ಲೆಕ್ಕದಂತೆ. ಅತಿ ಸುಲಭದ ಎ ದರ್ಜೆಯ ಕಸರತ್ತಿಗೆ 0.1 ಅಂಕ, ಅದರ ಮೇಲಿನ ಬಿ ದರ್ಜೆಗೆ 0.2. ಮಂಡಿ ಮಡಚಿದರೆ 0.1, 0.3 ಅಥವಾ 0.5 ಕಡಿತ, ಇಳಿದಾಗ ಚಿಕ್ಕ ಹೆಜ್ಜೆಗೆ 0.1, ದೊಡ್ಡದಕ್ಕೆ 0.3, ಬಿದ್ದರೆ 1.0. ಅಂದರೆ ಅರೆಬರೆ ಬರುವ ಒಂದು ಬಿ ಕಸರತ್ತು ಸೇರಿಸಿ ಮಂಡಿ ಮಡಚಿದರೆ ಸಿಕ್ಕಿದ್ದು 0.2, ಹೋಗಿದ್ದು 0.3. ಒಂದು ಬೀಳು ಹತ್ತು ಎ ಕಸರತ್ತುಗಳನ್ನು ನುಂಗುತ್ತೆ. ದೊಡ್ಡವರು ಗೆಲ್ಲುವ ಜಾಗ ಇದೇ. ಹೇಳಿದ್ದು ಅರ್ಥವಾಗುತ್ತೆ, ಕಾಲ ಬೆರಳು ಚಾಚಿ ಅಂದರೆ ಕೊನೆಯವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಫ್ಲೋರ್‌ನಲ್ಲಿ (ನೆಲದ ಮೇಲಿನ ಸ್ಪರ್ಧೆ) ಹ್ಯಾಂಡ್‌ಸ್ಟ್ಯಾಂಡ್‌ನಿಂದ ಮುಂದಕ್ಕೆ ಉರುಳು, ಕಾರ್ಟ್‌ವೀಲ್ (ಚಕ್ರದಂತೆ ಪಕ್ಕಕ್ಕೆ ಸುತ್ತುವುದು), ರೌಂಡ್‌ಆಫ್ ಹೊಡೆದು ನೇರ ಜಿಗಿತ, ಒಂಟಿಕಾಲ ಮೇಲೆ ಪೂರ್ಣ ತಿರುವು, ಕೊನೆಗೊಂದು ಸಮತೋಲನ: ಇಷ್ಟನ್ನು ಮಂಡಿ ಮಡಚದೆ ಮಾಡಿದವರು ಸೊಟ್ಟ ಪಲ್ಟಿ ಹೊಡೆದವರನ್ನು ಅಚ್ಚುಕಟ್ಟುತನದ ಅಂಕದಲ್ಲಿ ಹಿಂದಿಕ್ಕುತ್ತಾರೆ. ಆದರೆ ಕಸರತ್ತುಗಳ ಸಂಖ್ಯೆಯನ್ನೇ ಕಡಿಮೆ ಮಾಡಿ ಜಾಣತನ ತೋರಿಸಲು ಹೋಗಬೇಡಿ, ತುಂಡು ರೊಟೀನ್‌ಗೆ ಪ್ರತ್ಯೇಕ ದೊಡ್ಡ ಕಡಿತ ಇದೆ. ಬೀಮ್‌ನಿಂದ ಬಿದ್ದರೆ ಮತ್ತೆ ಹತ್ತಲು 10 ಸೆಕೆಂಡ್, ಬಾರ್‌ನಿಂದ ಬಿದ್ದರೆ 30. ಬಾರ್‌ನಲ್ಲಿ ಆ 30ನ್ನೂ ಬಳಸಿಕೊಳ್ಳಿ, ಕೈಗೆ ಚಾಕ್ ಪುಡಿ ಹಚ್ಚಿ, ಉಸಿರು ತಗೊಳ್ಳಿ. ಗಾಬರಿಯಲ್ಲಿ ತಕ್ಷಣ ಹಾರಿ ಹಿಡಿಯುವವರೇ ಎರಡನೇ ಸಲವೂ ಬೀಳೋದು.

ಸ್ಪರ್ಧೆಯ ದಿನ ಕೆಡಿಸೋದು ಕುರ್ಚಿ. ಒಂದು ಉಪಕರಣದಿಂದ ಇನ್ನೊಂದಕ್ಕೆ ಅರ್ಧ ಗಂಟೆ ಕಾಯಬೇಕಾಗಬಹುದು, ಮುಂಚೆ ಸಿಗುವ ಅಭ್ಯಾಸ ಕೆಲವೇ ಸೆಕೆಂಡ್. ಮಕ್ಕಳು ಬಿಸ್ಕತ್ತು ತಿಂದು ಎದ್ದು ಹಾಗೇ ಹಾರುತ್ತಾರೆ. ನೀವು ಹಾಗೆ ಮಾಡಬೇಡಿ. ನಿಮ್ಮ ಮುಂದೆ ನಾಲ್ಕು ಜನ ಇದ್ದಾರೆ ಅನ್ನುವಾಗ ಸ್ವೆಟರ್ ಹಾಕಿಕೊಂಡೇ ಶುರು ಮಾಡಿ: ಹಿಮ್ಮಡಿ ಎತ್ತುವುದು 15, ಮಂಡಿ ಮಡಚದ ಪುಟ್ಟ ಜಿಗಿತ 20, ಮಣಿಕಟ್ಟಿನ ಮೇಲೆ ಭಾರ ಹಾಕಿ ಮುಂದೆ-ಹಿಂದೆ ತೂಗುವುದು 10, ಮಲಗಿ ಕೈಕಾಲು ಎತ್ತಿ ಹೊಟ್ಟೆ ಬಿಗಿ ಹಿಡಿಯುವುದು 20 ಸೆಕೆಂಡ್, ಕೊನೆಗೆ ಒಂದು ಹ್ಯಾಂಡ್‌ಸ್ಟ್ಯಾಂಡ್. ಬೆವರು ಬರಬಾರದು, ಮೈ ಬೆಚ್ಚಗಿರಬೇಕು. ದೀರ್ಘವಾಗಿ ಎಳೆದು ಹಿಡಿಯುವ ಸ್ಟ್ರೆಚ್ ಆ ಹೊತ್ತಿಗೆ ಬೇಡ, ಜಿಗಿತದ ಚುರುಕು ತಗ್ಗಬಹುದು. ಮಂಡ್ಯದಿಂದ ಬೆಳಗಿನ ಬಸ್ಸಿಗೆ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೋ ಬೇರೆ ಹಾಲ್‌ಗೋ ಬರುವವರು ಗಂಟೆ ಹೊತ್ತು ಕೂತೇ ಬಂದಿರುತ್ತಾರೆ. ಇಳಿದ ಮೇಲೆ ಹತ್ತು ನಿಮಿಷ ನಡೆದು ಆಮೇಲೆ ವಾರ್ಮ್‌ಅಪ್‌ಗೆ ಹೋಗಿ. ಹೊಟ್ಟೆಗೆ ಎರಡು-ಮೂರು ಗಂಟೆ ಮುಂಚೆ ಇಡ್ಲಿ, ನಡುವೆ ಬಾಳೆಹಣ್ಣು. ನಂಜನಗೂಡು ರಸಬಾಳೆ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಏಲಕ್ಕಿ. ಬೆಣ್ಣೆ ಮಸಾಲೆ ದೋಸೆ ಪ್ರಶಸ್ತಿ ವಿತರಣೆ ಆದಮೇಲೆ.

ಇನ್ನು ಒಡವೆ. ಉಂಗುರ, ಬಳೆ, ಸರ ಎಲ್ಲ ತೆಗೆಯಬೇಕು. ಕಾಲುಂಗುರವನ್ನು ಬಹಳ ಜನ ಮರೀತಾರೆ. ಬೀಮ್‌ನ ಹೊದಿಕೆಗೆ ಅದು ಸಿಕ್ಕಿಕೊಂಡರೆ ಬೆರಳೇ ತಿರುಗುತ್ತೆ. ಎಷ್ಟೋ ದಿನದಿಂದ ತೆಗೆಯದ್ದು ಬೆರಳಿಗೆ ಕಚ್ಚಿಕೊಂಡಿರುತ್ತೆ, ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿ ತೆಗೆದಿಡಿ. ಲಿಯೊಟಾರ್ಡ್ (ಕಾಲು ಮುಚ್ಚದ ಬಿಗಿ ಉಡುಪು) ಹಾಕಲು ಮುಜುಗರ ಅನ್ನುವವರಿಗೆ ಪೂರ್ತಿ ಕಾಲು ಮುಚ್ಚುವ ಯೂನಿಟಾರ್ಡ್‌ಗೆ ನಿಯಮದ ಒಪ್ಪಿಗೆ ಇದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಮಹಿಳಾ ತಂಡ ಹಾಕಿದ್ದೂ ಅದೇ. ಶುರು ಮಾಡುವಾಗ ಮತ್ತು ಮುಗಿಸಿದಾಗ ಜಡ್ಜ್ ಕಡೆ ತಿರುಗಿ ಕೈ ಎತ್ತುವುದನ್ನು ಅಭ್ಯಾಸದಲ್ಲೇ ರೂಢಿ ಮಾಡಿಕೊಳ್ಳಿ. ಮಕ್ಕಳು ನಿದ್ದೆಯಲ್ಲೂ ಮಾಡುತ್ತಾರೆ, ಮರೆಯೋದು ನಾವೇ.

ಗ್ಯಾಲರಿಯಿಂದ ‘ಆಂಟಿ, ಕಾಲು ನೇರ!’ ಅಂತ ಯಾವುದಾದರೂ ಮಗು ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ. ಬಹುಪಾಲು ಅದು ಸರಿಯಾಗೇ ನೋಡಿರುತ್ತೆ.

ಮುಗಿದ ಮೇಲೆ ಮೂರು ದಿನ ಹಾರುವುದು ಬೇಡ, ನಡಿಗೆ ಮತ್ತು ಭುಜದ ವ್ಯಾಯಾಮ ಸಾಕು. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಹಿಂದೆ ನೋವು, ಬಿಗಿತ ಇದ್ದರೆ ಅದು ಹೋಗುವವರೆಗೂ ಜಿಗಿತ ಬಂದ್. ದಿಢೀರಂತ ಯಾರೋ ಹಿಂದಿಂದ ಒದ್ದಂತಾಗಿ, ಮುಂಗಾಲ ಮೇಲೆ ನಿಲ್ಲಲು ಆಗದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅದೇ ದಿನ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಅಂಥ ನೋವೇನೂ ಇಲ್ಲದೆ, ಹರಕೆ ಇದೆ ಅಂತ ಸ್ಪರ್ಧೆ ಮುಗಿದ ವಾರವೇ ಬೆಟ್ಟಕ್ಕೆ ಹೋಗಬೇಕಾದರೆ ಮೆಟ್ಟಿಲು ಹತ್ತಿ, ಬಸ್ಸಲ್ಲಿ ಇಳಿದು ಬನ್ನಿ.