ಮಾರ್ಷಲರ ಮನೆಯ ಐವರು ಹೆಣ್ಣುಮಕ್ಕಳು

ಭಾನುವಾರ, 17 ನವೆಂಬರ್ 2024
ರೆಡಿಂಗ್

ಇಂಗ್ಲೆಂಡಿನ ಮಾರ್ಷಲ್ ಮನೆತನದ ಐವರು ಗಂಡುಮಕ್ಕಳಲ್ಲಿ ಕೊನೆಯವನಾದ ಆನ್ಸೆಲ್ಮ್ ಮಾರ್ಷಲ್ 1245ರ ಡಿಸೆಂಬರ್‌ನಲ್ಲಿ ಚೆಪ್ಸ್ಟೋ ಕೋಟೆಯಲ್ಲಿ ತೀರಿಕೊಂಡ. ಅವನ ಅಣ್ಣ ವಾಲ್ಟರ್ ಸತ್ತದ್ದು ಅದರ ಹಿಂದಿನ ತಿಂಗಳಷ್ಟೇ. ಅಣ್ಣನಿಂದ ಬಂದ ಅರ್ಲ್ ಎಂಬ ದೊಡ್ಡ ಸರದಾರನ ಪದವಿಯನ್ನು ವಿಧಿವತ್ತಾಗಿ ಸ್ವೀಕರಿಸುವಷ್ಟು ಕಾಲವೂ ಆನ್ಸೆಲ್ಮ್‌ನಿಗೆ ಸಿಗಲಿಲ್ಲ. ಇವತ್ತು ಸಂಜೆ ವಂಶವೃಕ್ಷದ ಹಾಳೆಯಲ್ಲಿ ಅವನ ಹೆಸರಿನ ಕೆಳಗೂ ಅಡ್ಡಗೆರೆ ಎಳೆದ ಮೇಲೆ ಗಂಡುಮಕ್ಕಳ ಕಡೆಯ ಕೆಲಸ ಮುಗಿಯಿತು. ಒಂದೇ ಸಾಲಿನಲ್ಲಿ ಐದು ಹೆಸರು, ಐದರ ಕೆಳಗೂ ಖಾಲಿ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಈ ಐವರ ತಂದೆ ಹಿರಿಯ ವಿಲಿಯಂ ಮಾರ್ಷಲ್‌ನ ವಿಷಯ ಇಲ್ಲಿ ಹಿಂದೆಯೂ ಬರೆದಿದ್ದೇನೆ. ಸಣ್ಣ ಮನೆತನದ ಕಿರಿಯ ಮಗನಾಗಿ ಹುಟ್ಟಿ, ಕತ್ತಿಯೊಂದನ್ನೇ ನಂಬಿ ಬೆಳೆದು, 1189ರಲ್ಲಿ ಇಸಬೆಲ್ ಡಿ ಕ್ಲೇರ್‌ಳ ಕೈಹಿಡಿದು, ಅವಳ ಮೂಲಕ ವೇಲ್ಸ್‌ನ ಚೆಪ್ಸ್ಟೋ, ಪೆಂಬ್ರೋಕ್ ಮತ್ತು ಐರ್ಲೆಂಡಿನ ಲೆನ್ಸ್ಟರ್ ಸೀಮೆಗಳಿಗೆ ಒಡೆಯನಾದವನು. ಎಪ್ಪತ್ತರ ಆಸುಪಾಸಿನಲ್ಲಿ ಬಾಲಕ ಮೂರನೇ ಹೆನ್ರಿಯ ಪರವಾಗಿ ರಾಜ್ಯಭಾರ ಹೊತ್ತು, 1217ರಲ್ಲಿ ಲಿಂಕನ್ ಯುದ್ಧವನ್ನು ಗೆದ್ದವನು. ಲೆನ್ಸ್ಟರ್ ಕೂಡ ಒಬ್ಬಳು ಮಗಳ ಮೂಲಕವೇ ಬಂದ ಸೀಮೆ ಎಂಬುದನ್ನು ಮರೆಯಬಾರದು: ಇಸಬೆಲ್‌ಳ ತಾಯಿ ಈಫಾ, ಲೆನ್ಸ್ಟರ್‌ನ ದೊರೆ ಡರ್ಮಟ್‌ನ ಮಗಳು. ಈ ದಂಪತಿಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು: ಮಾಡ್, ತಾಯಿಯ ಹೆಸರನ್ನೇ ಹೊತ್ತ ಇಸಬೆಲ್, ಸಿಬಿಲ್, ಈವಾ, ಜೋನ್.

ಹಿರಿಯ ಮಗ ಎರಡನೇ ವಿಲಿಯಂ 1231ರಲ್ಲಿ ಸತ್ತ. ಅವನ ನಂತರ ಬಂದ ರಿಚರ್ಡ್ ದೊರೆಯ ವಿರುದ್ಧವೇ ಬಂಡೆದ್ದು, 1234ರಲ್ಲಿ ಕಿಲ್ಡೇರ್‌ನ ಬಯಲಿನಲ್ಲಿ ಗಾಯಗೊಂಡು ಸತ್ತ. ಚರ್ಚಿನ ಸೇವೆಗೆಂದು ಬೆಳೆಸಿದ್ದ ಗಿಲ್ಬರ್ಟ್ ಅರ್ಲ್ ಆಗಬೇಕಾಗಿ ಬಂತು. 1241ರಲ್ಲಿ ಹರ್ಟ್‌ಫರ್ಡ್ ಬಳಿಯ ಪಂದ್ಯಾಟದಲ್ಲಿ ಕುದುರೆಯ ಲಗಾಮು ಕಿತ್ತು, ರಿಕಾಪಿನಲ್ಲಿ ಕಾಲು ಸಿಕ್ಕಿ ಎಳೆದಾಡಿಸಿಕೊಂಡು ಪ್ರಾಣ ಬಿಟ್ಟ. ಆಮೇಲೆ ವಾಲ್ಟರ್, ಆಮೇಲೆ ಆನ್ಸೆಲ್ಮ್. ತಂದೆ ತೀರಿಕೊಂಡ 1219ರಿಂದ ಲೆಕ್ಕ ಹಾಕಿದರೆ ಇಪ್ಪತ್ತಾರು ವರ್ಷಗಳಲ್ಲಿ ಇಡೀ ಸಾಲು ಮುಗಿದುಹೋಯಿತು.

ಹಾಸನದಿಂದ ದೊಡ್ಡಪ್ಪ ಫೋನ್ ಮಾಡಿದ್ದು ಇದೇ ಹೊತ್ತಿನಲ್ಲಿ. ನಮ್ಮ ಮನೆತನದ ವಂಶಾವಳಿಯನ್ನು ಅವರು ಅಚ್ಚು ಮಾಡಿಸಿ ಹಂಚಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಸರ್ವೆ ಇಲಾಖೆಯಲ್ಲಿ ಇದ್ದವರಾದ್ದರಿಂದ ಅವರ ಆಸಕ್ತಿ ಯಾವಾಗಲೂ ಜಮೀನಿನ ಕಡೆಗೆ. ನಾನು ಐವರ ಕಥೆ ಹೇಳುತ್ತಿದ್ದಂತೆ ಅವರು ತಡೆದರು.

“ಐದು ಜನ ಗಂಡುಮಕ್ಕಳಿದ್ದೂ ಒಬ್ಬನಿಗೂ ಮಕ್ಕಳಾಗಲಿಲ್ಲವೇನಮ್ಮ?”

“ಐವರಿಗೂ ಮದುವೆಯಾಗಿತ್ತು ದೊಡ್ಡಪ್ಪ. ಗಿಲ್ಬರ್ಟ್‌ನಿಗೆ ಮದುವೆಯ ಹೊರಗೆ ಒಬ್ಬಳು ಮಗಳಿದ್ದಳು, ಆದರೆ ಅವಳಿಗೆ ಹಕ್ಕು ಬರಲಿಲ್ಲ.”

“ಹಾಗಾದರೆ ಯಾರದೋ ಶಾಪ ಇರಬೇಕು.”

ಶಾಪದ ಕಥೆ ನಿಜಕ್ಕೂ ಇದೆ. ಸೇಂಟ್ ಆಲ್ಬನ್ಸ್ ಮಠದ ಸಂನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ತನ್ನ ಇತಿಹಾಸದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಐರ್ಲೆಂಡಿನ ಫರ್ನ್ಸ್ ಬಿಷಪ್ಪರ ಎರಡು ಊರುಗಳನ್ನು ಹಿರಿಯ ಮಾರ್ಷಲ್ ವಶಪಡಿಸಿಕೊಂಡಿದ್ದ. ಅವನು ಸತ್ತ ಮೇಲೆ ಬಿಷಪ್ ಲಂಡನ್ನಿನ ಟೆಂಪಲ್ ಚರ್ಚಿನಲ್ಲಿದ್ದ ಸಮಾಧಿಯ ಮುಂದೆ ನಿಂತು, ಊರುಗಳನ್ನು ಹಿಂದಿರುಗಿಸಿದರೆ ಆತ್ಮಕ್ಕೆ ಬಿಡುಗಡೆ ಕೊಡುತ್ತೇನೆಂದರು, ಮಕ್ಕಳು ಒಪ್ಪಲಿಲ್ಲ, ಒಂದೇ ತಲೆಮಾರಿನಲ್ಲಿ ಈ ಹೆಸರು ಅಳಿಸಿಹೋಗಲಿ ಎಂದು ಬಿಷಪ್ ನುಡಿದರು. ಮೈಸೂರು ಸೀಮೆಯ ನಮಗೆ ಇಂಥ ಶಾಪ ಹೊಸದಲ್ಲವೆಂದು ದೊಡ್ಡಪ್ಪ ತಕ್ಷಣ ಅಲಮೇಲಮ್ಮನನ್ನು ನೆನೆದರು. ನನಗೆ ಈ ಕಥೆಯಲ್ಲಿ ನಂಬಿಕೆಯಿಲ್ಲ. ಐವರೂ ಹೋದ ಮೇಲೆ, ಫಲ ಎದುರಿಗಿರುವಾಗ, ಅದಕ್ಕೊಂದು ಕಾರಣ ಬೇಕೆನಿಸಿ ಜನ ಹೇಳಿಕೊಂಡದ್ದನ್ನು ಮ್ಯಾಥ್ಯೂ ಬರೆದಿಟ್ಟನೆಂದೇ ನನ್ನ ಭಾವನೆ. ನಂಬಿದರೂ ಒಂದು ಮಾತು ಉಳಿಯುತ್ತದೆ: ಆ ಶಾಪದಲ್ಲಿ ಗಂಡುಮಕ್ಕಳ ವಿಷಯ ಮಾತ್ರ ಇದೆ, ಐವರು ಹೆಣ್ಣುಮಕ್ಕಳ ವಿಷಯವೇ ಇಲ್ಲ.

“ಸರಿ, ಆಸ್ತಿ ಯಾರಿಗೆ ಹೋಯಿತು? ದೊರೆಗೋ ದಾಯಾದಿಗಳಿಗೋ?”

“ಇಬ್ಬರಿಗೂ ಅಲ್ಲ. ಹೆಣ್ಣುಮಕ್ಕಳಿಗೆ, ಐದು ಸಮಪಾಲು. 1247ರಲ್ಲಿ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನಮ್ಮಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಎಂಬ ಕಾಯ್ದೆ ಬಂದಾಗ ಮನೆಮನೆಯ ವಿಭಾಗಪತ್ರಗಳಲ್ಲಿ ಏನೇನಾಯಿತೆಂದು ಕಣ್ಣಾರೆ ಕಂಡವರು ಅವರು. ಆದರೆ ಇಂಗ್ಲೆಂಡಿನ ಆ ಪದ್ಧತಿಯನ್ನು ಹೊಗಳುವ ಮೊದಲು ಅದರ ಇನ್ನೊಂದು ಮುಖವನ್ನೂ ಹೇಳಬೇಕಿತ್ತು, ಹೇಳಿದೆ. ಒಬ್ಬನೇ ಒಬ್ಬ ಮಗ ಉಳಿದಿದ್ದರೂ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟಷ್ಟೇ ಪಾಲು, ಉಳಿದದ್ದೆಲ್ಲ ಹಿರಿಯ ಮಗನಿಗೆ. ಗಂಡು ಸಂತತಿ ಪೂರ್ತಿ ಇಲ್ಲವಾದಾಗ ಮಾತ್ರ ಸಹೋದರಿಯರು ಸರಿಸಮ. ಹಿರಿಯವಳಿಗೆ ಹೆಚ್ಚು, ಕಿರಿಯವಳಿಗೆ ಕಡಿಮೆ ಎಂಬುದಿಲ್ಲ. ಒಡೆಯಲಾಗದ ಅಧಿಕಾರವೊಂದು ಇದ್ದರೆ ಅದು ಮಾತ್ರ ಹಿರಿಯವಳ ಕಡೆಗೆ. ಹಾಗಾಗಿ ಮಾರ್ಷಲ್ ಎಂಬ ಆಸ್ಥಾನದ ಸೇನಾಪದವಿಯ ದಂಡ ಹಿರಿಯ ಮಗಳು ಮಾಡ್‌ಳ ಪಾಲಿಗೆ ಬಂದು, 1246ರಲ್ಲಿ ಅವಳ ಮಗ ರೋಜರ್ ಬೈಗಾಡ್‌ನ ಕೈಸೇರಿತು.

“ಪೋಡಿ ಹೇಗೆ ಮಾಡಿದರು?” ದೊಡ್ಡಪ್ಪನ ದನಿಯಲ್ಲಿ ಈಗ ಇಲಾಖೆಯ ಗಾಂಭೀರ್ಯ ಬಂದಿತ್ತು. ಎಕರೆ ಅಳೆದು ಗಡಿಕಲ್ಲು ನೆಟ್ಟು ಅಲ್ಲ, ಒಂದೊಂದು ಊರಿನಿಂದ ವರ್ಷಕ್ಕೆ ಎಷ್ಟು ಹುಟ್ಟುವಳಿ ಬರುತ್ತದೆಂದು ಊರವರಿಂದ ಪ್ರಮಾಣ ಮಾಡಿಸಿ ಬರೆಸಿಕೊಂಡು, ಆ ಮೊತ್ತಗಳು ಸರಿತೂಗುವಂತೆ ಊರುಗಳನ್ನು ಐದು ಗುಂಪು ಮಾಡಿದರು ಎಂದೆ. ಲೆನ್ಸ್ಟರ್‌ನಲ್ಲಿ ಕಾರ್ಲೋ ಮಾಡ್‌ಳಿಗೆ, ಕಿಲ್ಕೆನ್ನಿ ಇಸಬೆಲ್‌ಳ ಮಗನಿಗೆ, ಕಿಲ್ಡೇರ್ ಸಿಬಿಲ್‌ಳ ಮಕ್ಕಳಿಗೆ, ಡನಮೇಸ್ ಕೋಟೆಯಿರುವ ಲೀಶ್ ಈವಾಳ ಮಕ್ಕಳಿಗೆ, ವೆಕ್ಸ್‌ಫರ್ಡ್ ಜೋನ್‌ಳ ಮಗಳಿಗೆ. ವೇಲ್ಸ್ ಮತ್ತು ಇಂಗ್ಲೆಂಡಿನ ಆಸ್ತಿಯೂ ಇದೇ ರೀತಿ ಹರಿದು ಹಂಚಿತು: ಚೆಪ್ಸ್ಟೋ ಮಾಡ್‌ಳಿಗೆ, ಅಸ್ಕ್ ಇಸಬೆಲ್‌ಳ ಮಗನಿಗೆ, ಪೆಂಬ್ರೋಕ್ ಜೋನ್‌ಳ ಮಗಳಿಗೆ. ಒಂದೇ ಮನೆತನದ ಕೈಯಲ್ಲಿದ್ದ ಲೆನ್ಸ್ಟರ್ ಆಮೇಲೆ ಮತ್ತೆ ಒಂದಾಗಲಿಲ್ಲ.

ದೊಡ್ಡಪ್ಪ ಮಾತು ಮುಗಿಸುವ ಮುಂಚೆ, “ಅಂತೂ ವಂಶ ಅಲ್ಲಿಗೆ ನಿಂತಿತು ಅನ್ನು” ಎಂದರು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ದೊಡ್ಡಮ್ಮ ಕರೆದರೆಂದು ಎದ್ದು ಹೋದರು. ಇವತ್ತು ನನ್ನನ್ನು ಬರೆಯಲು ಕೂರಿಸಿದ್ದು ಆ ಒಂದು ಮಾತು. ಅವರು ಅಚ್ಚು ಮಾಡಿಸಿದ ನಮ್ಮ ವಂಶಾವಳಿಯಲ್ಲಿಯೂ ಹೆಣ್ಣುಮಕ್ಕಳ ಹೆಸರಿನ ಪಕ್ಕದಲ್ಲಿ ಕೊಟ್ಟ ಊರಿನ ಹೆಸರಿದೆ, ಅಲ್ಲಿಗೆ ಆ ರೆಂಬೆ ಮುಗಿಯುತ್ತದೆ. ಇಂಗ್ಲಿಷರ ಹಳೆಯ ವಂಶಾವಳಿಗಳೂ ಮಾರ್ಷಲರ ವಿಷಯದಲ್ಲಿ ಇದನ್ನೇ ಮಾಡುತ್ತವೆ: 1245, ಗೆರೆ, ಮುಕ್ತಾಯ.

ಹೆಣ್ಣುಮಕ್ಕಳ ಕಡೆ ಗೆರೆ ಎಳೆಯಲು ಹೊರಟರೆ ನನ್ನ ಹಾಳೆ ಸಾಲುತ್ತಿಲ್ಲ. ಇಸಬೆಲ್ ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್‌ನನ್ನು ಮದುವೆಯಾದಳು. ಅವಳ ಮಗಳು ಬ್ರೂಸ್ ಮನೆತನ ಸೇರಿದಳು. ಆ ಮಗಳ ಮೊಮ್ಮಗನೇ 1306ರಲ್ಲಿ ಸ್ಕಾಟ್ಲೆಂಡಿನ ದೊರೆಯಾದ ರಾಬರ್ಟ್ ಬ್ರೂಸ್. ಈವಾಳ ಗಂಡ ವಿಲಿಯಂ ಡಿ ಬ್ರೌಸ್‌ನನ್ನು ವೇಲ್ಸ್‌ನ ರಾಜಕುಮಾರ ಲ್ಯುವೆಲಿನ್ 1230ರಲ್ಲಿ ಗಲ್ಲಿಗೇರಿಸಿದ. ಅವಳಿಗೆ ಉಳಿದದ್ದು ಹೆಣ್ಣುಮಕ್ಕಳು ಮಾತ್ರ. ಆ ಹೆಣ್ಣುಮಕ್ಕಳಲ್ಲಿ ಮಾಡ್ ಎಂಬವಳು ಮಾರ್ಟಿಮರ್ ಮನೆ ಸೇರಿದಳು, ಎಲೀನರ್ ಎಂಬವಳು ಬೋಹುನ್ ಮನೆ ಸೇರಿದಳು. ಮಾರ್ಟಿಮರ್ ರೆಂಬೆಯಲ್ಲಿ ತಲೆಮಾರುಗಳನ್ನು ಇಳಿಯುತ್ತ ಹೋದರೆ ಯಾರ್ಕ್ ಮನೆತನದ ನಾಲ್ಕನೇ ಎಡ್ವರ್ಡ್ ಸಿಗುತ್ತಾನೆ. ಬೋಹುನ್ ರೆಂಬೆಯಲ್ಲಿ ಇಳಿದರೆ ಲ್ಯಾಂಕಾಸ್ಟರ್ ಮನೆತನದ ಐದನೇ ಹೆನ್ರಿಯೂ ಅವನ ಮಗ ಆರನೇ ಹೆನ್ರಿಯೂ ಸಿಗುತ್ತಾರೆ. ಹದಿನೈದನೇ ಶತಮಾನದಲ್ಲಿ ಸಿಂಹಾಸನಕ್ಕಾಗಿ ಹೊಡೆದಾಡಿಕೊಂಡ ಎರಡೂ ಪಕ್ಷದ ದೊರೆಗಳು, ಗಂಡನನ್ನು ಗಲ್ಲಿನಲ್ಲಿ ಕಳೆದುಕೊಂಡ ಆ ಒಬ್ಬ ತಾಯಿಯ ಸಂತಾನ. ಈ ಎರಡು ಗೆರೆಗಳು ಒಂದೇ ಹೆಸರಿಗೆ ಬಂದು ಕೂಡಿದ್ದನ್ನು ಮೊದಲ ಸಲ ಕಂಡಾಗ ಆದ ರೋಮಾಂಚನ ಇನ್ನೂ ಹಾಗೆಯೇ ಇದೆ.

ಐವರಲ್ಲಿ ನನ್ನ ಮನಸ್ಸು ಹೆಚ್ಚಾಗಿ ಹೋಗುವುದು ಕಿರಿಯವಳಾದ ಜೋನ್‌ಳ ಕಡೆಗೆ. ಹಿರಿಯ ಮಾರ್ಷಲ್‌ನ ಕೊನೆಯ ದಿನಗಳು ಕಳೆದದ್ದು ಇಲ್ಲೇ, ಥೇಮ್ಸ್ ನದಿಯಾಚೆಯ ಕ್ಯಾವರ್‌ಶಮ್‌ನಲ್ಲಿ. ಕಾಯಿಲೆಯವನನ್ನು ಲಂಡನ್ನಿನಿಂದ ದೋಣಿಯಲ್ಲಿ ಕರೆತಂದಿದ್ದರು. ಮಗ ಬರೆಸಿದ ಜೀವನಚರಿತ್ರೆ, ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಫ್ರೆಂಚ್ ಪದ್ಯಕಾವ್ಯ, ಆ ದಿನಗಳನ್ನು ವಿವರವಾಗಿ ಹೇಳುತ್ತದೆ. ಉಯಿಲು ಮಾಡುವಾಗ ಕಿರಿಯ ಮಗ ಆನ್ಸೆಲ್ಮ್‌ನಿಗೆ ಜಮೀನು ಬೇಡ, ನನ್ನಂತೆಯೇ ದುಡಿದು ಮೇಲೆ ಬರಲಿ ಎಂದಿದ್ದನಂತೆ. ಆಪ್ತನಾದ ಜಾನ್ ಡಿ ಅರ್ಲಿ ಬೇಡಿಕೊಂಡ ಮೇಲೆ ಮನಸ್ಸು ಬದಲಿಸಿದ. ಮದುವೆಯಾಗದೆ ಉಳಿದಿದ್ದ ಜೋನ್‌ಳ ವಿಷಯದಲ್ಲಿ ಅವನಿಗೆ ಚಿಂತೆಯಿತ್ತು, ಅವಳ ಜೀವನಕ್ಕೆಂದು ಒಂದಿಷ್ಟು ಜಮೀನನ್ನೂ ಹಣವನ್ನೂ ಗೊತ್ತುಮಾಡಿದ. ಇನ್ನೊಂದು ದಿನ ಅವನಿಗೆ ಹಾಡು ಕೇಳುವ ಆಸೆಯಾಯಿತು. ಹೆಣ್ಣುಮಕ್ಕಳನ್ನು ಕರೆಸಿದರು. ಮೊದಲು ಮಾಡ್ ಹಾಡಿದಳು, ಆಮೇಲೆ ಜೋನ್. ಅವಳು ನಾಚಿಕೊಂಡು ಹಾಡಿದ್ದನ್ನು ಕಂಡು, ಹಾಡುವಾಗ ಸಂಕೋಚ ಕೂಡದೆಂದು ಹೇಳಿ, ಆ ಸ್ಥಿತಿಯಲ್ಲಿಯೂ ತಂದೆ ತಾನೇ ಹೇಳಿಕೊಟ್ಟ. ಯುದ್ಧಗಳ ಎಣಿಕೆಯೇ ತುಂಬಿರುವ ಆ ಕಾವ್ಯದಲ್ಲಿ ಈ ಕೆಲವು ಸಾಲುಗಳು ಉಳಿದುಕೊಂಡಿರುವುದು ನಮ್ಮ ಭಾಗ್ಯ.

ಜೋನ್ ಪಾಲಿನ ದಿನವನ್ನು ಕಾಣಲಿಲ್ಲ. 1234ರ ಹೊತ್ತಿಗೇ ಅವಳು ತೀರಿಹೋಗಿದ್ದಳು. ಅವಳ ಪಾಲು ಮಗ ಜಾನ್‌ನಿಗೆ ಬರಬೇಕಿತ್ತು, ಅವನೂ 1247ರಲ್ಲಿ ಸತ್ತ. ಉಳಿದವಳು ಅದೇ ಹೆಸರಿನ ಮಗಳು ಜೋನ್. ದೊರೆ ಮೂರನೇ ಹೆನ್ರಿ ಅದೇ ವರ್ಷ ಅವಳನ್ನು ಫ್ರಾನ್ಸಿನಿಂದ ಬಂದಿದ್ದ ತನ್ನ ಮಲತಮ್ಮ ವಿಲಿಯಂ ಡಿ ವಾಲೆನ್ಸ್‌ನಿಗೆ ಮದುವೆ ಮಾಡಿಸಿದ. ಪೆಂಬ್ರೋಕ್ ಹೀಗೆ ವಾಲೆನ್ಸರ ಕೈಗೆ ಹೋಯಿತು. ಹುಡುಗಿಯ ಒಪ್ಪಿಗೆ ಕೇಳಿದವರುಂಟೋ ಇಲ್ಲವೋ ಎಂಬುದನ್ನು ಯೋಚಿಸಿದರೆ ಸಂಕಟವಾಗುತ್ತದೆ. ಜಮೀನಿನಲ್ಲಿ ಸಮಪಾಲು ಕೊಟ್ಟ ಪದ್ಧತಿಯೇ, ಪಾಲು ಬಂದ ಹೆಣ್ಣನ್ನು ದೊರೆಯ ಕೈಯಲ್ಲಿ ಕೊಡುಗೆಯ ವಸ್ತುವನ್ನಾಗಿಯೂ ಮಾಡಿತು.

ಐವರು ಸಹೋದರಿಯರಲ್ಲಿ ವಿಭಾಗವಾಗುವವರೆಗೆ ಬದುಕಿದ್ದವಳು ಮಾಡ್ ಒಬ್ಬಳೇ. 1248ರಲ್ಲಿ ಅವಳೂ ಹೋದಳು. ಅವಳ ಶವವನ್ನು ಟಿಂಟರ್ನ್ ಮಠದೊಳಗೆ ಹೊತ್ತವರು ಅವಳದೇ ನಾಲ್ವರು ಗಂಡುಮಕ್ಕಳು, ಮೂವರು ಬೈಗಾಡ್‌ಗಳು ಮತ್ತು ಎರಡನೇ ಮದುವೆಯ ಮಗ ಜಾನ್ ಡಿ ವಾರೆನ್. ಅದೇ ಮಠದಲ್ಲಿ ಅವಳ ತಾಯಿ, ತಮ್ಮಂದಿರಾದ ವಾಲ್ಟರ್ ಮತ್ತು ಆನ್ಸೆಲ್ಮ್ ಮೊದಲೇ ಮಲಗಿದ್ದರು.

ರಾತ್ರಿ ಊಟದ ಹೊತ್ತಿಗೆ ದೊಡ್ಡಪ್ಪ ಮತ್ತೆ ಸಂದೇಶ ಕಳಿಸಿದ್ದರು: ಹಿರಿಯ ಮಗನ ವಿಧವೆಗೆ ಏನು ಕೊಟ್ಟರು? ಅವರ ಪ್ರಶ್ನೆ ನೇರವಾಗಿ ಗಾಯದ ಮೇಲೆಯೇ ಬೆರಳಿಟ್ಟಿತ್ತು. ಎರಡನೇ ವಿಲಿಯಂನ ಹೆಂಡತಿ ಎಲೀನರ್ ದೊರೆಯ ಸ್ವಂತ ತಂಗಿ. ಗಂಡ ಸತ್ತಾಗ ಅವಳಿಗೆ ಹದಿನಾರರ ಪ್ರಾಯ. ಗಂಡನ ಆಸ್ತಿಯಲ್ಲಿ ಮೂರನೇ ಒಂದು ಭಾಗ ಬದುಕಿರುವವರೆಗೆ ವಿಧವೆಯದು. ಆದರೆ ಐರ್ಲೆಂಡ್ ಮತ್ತು ವೇಲ್ಸ್‌ನ ಭಾಗಕ್ಕೆ ಬದಲಾಗಿ ವರ್ಷಕ್ಕೆ 400 ಪೌಂಡ್ ಎಂದು ಅವಳನ್ನು ಒಪ್ಪಿಸಿದ್ದರು. 1238ರಲ್ಲಿ ಸೈಮನ್ ಡಿ ಮಾಂಟ್‌ಫರ್ಟ್‌ನನ್ನು ಮದುವೆಯಾದ ಮೇಲೆ ಗಂಡಹೆಂಡಿರಿಬ್ಬರೂ ಅದು ಅನ್ಯಾಯದ ಒಪ್ಪಂದವೆಂದು ವಾದಿಸುತ್ತಲೇ ಹೋದರು. 1259ರಲ್ಲಿ ಫ್ರಾನ್ಸ್ ಜೊತೆಗಿನ ಶಾಂತಿ ಒಪ್ಪಂದಕ್ಕೆ ಅವಳ ಸಹಿ ಬೇಕಾಗಿದ್ದಾಗ, ಈ ಬಾಕಿ ತೀರಿಸದೆ ತನ್ನ ಹಕ್ಕು ಬಿಟ್ಟುಕೊಡುವುದಿಲ್ಲವೆಂದು ಹಟ ಹಿಡಿದು ಎರಡು ರಾಜ್ಯಗಳನ್ನು ಕಾಯಿಸಿದಳು. ಸೈಮನ್ ದೊರೆಯ ವಿರುದ್ಧ ಎದ್ದದ್ದಕ್ಕೆ ಕಾರಣಗಳು ಹಲವು, ಆದರೆ ಈ ವಿಧವಾಭಾಗದ ಕಹಿಯನ್ನು ಅವುಗಳಿಂದ ಬಿಡಿಸಿ ತೆಗೆಯಲಾಗದು. 1265ರಲ್ಲಿ ಈವ್‌ಶಮ್ ಯುದ್ಧದಲ್ಲಿ ಸೈಮನ್ ಸತ್ತಾಗ ಅವನ ತಲೆಯನ್ನು ವಿಗ್ಮೋರ್ ಕೋಟೆಗೆ, ರೋಜರ್ ಮಾರ್ಟಿಮರ್‌ನ ಹೆಂಡತಿಗೆ ಕಳಿಸಿಕೊಟ್ಟರು. ಆ ಹೆಂಡತಿ ಯಾರು? ಈವಾಳ ಮಗಳು ಮಾಡ್. ಸೈಮನ್‌ನ ಹೆಂಡತಿ ಎಲೀನರ್ ಒಂದು ಕಾಲದಲ್ಲಿ ಅವಳಿಗೆ ಸೋದರಮಾವನ ಹೆಂಡತಿ, ಅತ್ತೆ.

ಇದನ್ನು ಓದಿ ದೊಡ್ಡಪ್ಪ, “ಅಬ್ಬಾ, ಅತ್ತೆಯ ಗಂಡನ ತಲೆಯೇ” ಎಂದಷ್ಟೇ ಬರೆದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಂದೇಶ: “ಸಿಬಿಲ್ ಎಂಬವಳ ಪಾಲು ಏನಾಯಿತು, ಅದನ್ನು ಹೇಳಲಿಲ್ಲ.”

ಸಿಬಿಲ್‌ಳದೇ ಕಷ್ಟದ ರೆಂಬೆ. ಡರ್ಬಿಯ ಅರ್ಲ್ ವಿಲಿಯಂ ಡಿ ಫೆರರ್ಸ್‌ನಿಂದ ಅವಳಿಗೆ ಏಳು ಜನ ಹೆಣ್ಣುಮಕ್ಕಳು: ಆಗ್ನೆಸ್, ಇಸಬೆಲ್, ಮಾಡ್, ಸಿಬಿಲ್, ಜೋನ್, ಅಗಾಥಾ, ಎಲೀನರ್. ಐದನೇ ಒಂದು ಪಾಲು ಏಳಾದರೆ ಒಬ್ಬೊಬ್ಬಳಿಗೆ ಮೂವತ್ತೈದನೇ ಒಂದು. ಎಲೀನರ್ ಮೂರು ಮದುವೆಯಾದರೂ ಮಕ್ಕಳಿಲ್ಲದೆ ತೀರಿಕೊಂಡಳು, ಆಗ ಅವಳ ಪಾಲು ಉಳಿದ ಅಕ್ಕತಂಗಿಯರ ಕಡೆಗೆ ಮರಳಿ ಹಂಚಿತು. ಕಿಲ್ಡೇರ್ ಮಾತ್ರ ಆಗ್ನೆಸ್‌ಳ ಮೂಲಕ ಡಿ ವೆಸ್ಕಿ ಮನೆತನಕ್ಕೆ ಬಂದು, ಅವಳ ಮಗ ವಿಲಿಯಂ 1297ರಲ್ಲಿ ಅದನ್ನು ದೊರೆಗೆ ಒಪ್ಪಿಸಿಬಿಟ್ಟ. ಇಸಬೆಲ್ ಮತ್ತು ಜೋನ್ ಇಬ್ಬರೂ ಮೋಹುನ್ ಮನೆತನದ ಸೊಸೆಯರಾದವರು, ಹಾಗಾಗಿ ಅವರಿಬ್ಬರ ಗೆರೆಗಳನ್ನು ಅಕ್ಕಪಕ್ಕದಲ್ಲಿ ಇಡದಿದ್ದರೆ ಹಾಳೆಯಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಇಟ್ಟರೆ ನಡುವಿನ ಮಾಡ್‌ಳ ಮೂವರು ಗಂಡಂದಿರಿಗೆ ಜಾಗವಿಲ್ಲ, ಅವಳಿಗೂ ಹೆಣ್ಣುಮಕ್ಕಳೇ ವಾರಸುದಾರರು, ಅಂದರೆ ಅಲ್ಲಿ ಪಾಲು ಮತ್ತೊಮ್ಮೆ