ಗಾಜಿನ ಹೆಂಚಿನ ಕೆಳಗಿನ ಆಲೂಗಡ್ಡೆ

ನಮ್ಮ ಯಜಮಾನರಿಗೆ ಶುಗರ್ ಇದೆ ಅಂತ ಗೊತ್ತಾದ ದಿನ ಮನೆಯಿಂದ ಮೊದಲು ಹೊರಗೆ ಹೋಗಿದ್ದು ಆಲೂಗಡ್ಡೆ. ಬುಟ್ಟಿಯಲ್ಲಿದ್ದ ಐದಾರು ಕಿಲೋವನ್ನು ಅತ್ತೆ ಹಾಗೇ ಎತ್ತಿ ಲೈನ್ ಮನೆಯಲ್ಲಿರುವ ತೋಟದ ಕೆಲಸದವರಿಗೆ ಕೊಟ್ಟುಬಿಟ್ಟರು. 'ಗಡ್ಡೆ ತಿಂದ್ರೆ ಶುಗರ್ ಏರುತ್ತೆ, ಇನ್ನು ಈ ಮನೆಗೆ ಬೇಡ' ಅಂದರು. ಅದೇ ರಾತ್ರಿ ಯಜಮಾನರು ಮೂರು ಅಕ್ಕಿ ರೊಟ್ಟಿ ತಿಂದು, ಮೇಲೆ ಒಂದು ಸೌಟು ಅನ್ನ ಹಾಕಿಸಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಕೊಡಗಿನಲ್ಲಿ ಕೂತು ರೊಟ್ಟಿಗೆ ಯಾರು ಏನು ಅನ್ನುತ್ತಾರೆ ಹೇಳಿ!

ನಮ್ಮದು ಸುಂಟಿಕೊಪ್ಪದ ಹತ್ತಿರ ನಾಲ್ಕು ಎಕರೆ ಕಾಫಿ, ಜೊತೆಗೆ ಎರಡು ರೂಮಿನ ಹೋಂಸ್ಟೇ. ಅಡುಗೆ ನನ್ನದೇ. ಸಸ್ಯಾಹಾರಿ ಅತಿಥಿಗಳು ಬಂದರೆ ಆಲೂಗಡ್ಡೆ ಇಲ್ಲದೆ ನನಗೆ ಕೈ ಆಡುವುದಿಲ್ಲ. ಭಾನುವಾರ ನೆಂಟರು ಹೇಳದೆ ಬಂದರೂ ಅದೇ ಗತಿ. ಒಂದು ಕೋಳಿ, ಹನ್ನೆರಡು ಜನ, ನಾಲ್ಕು ಆಲೂಗಡ್ಡೆ ಹೆಚ್ಚಿ ಹಾಕಿದರೆ ಮಾನ ಉಳಿಯುತ್ತದೆ. (ಪಂದಿ ಕರಿಗೆ, ಅಂದರೆ ನಮ್ಮ ಕೊಡಗಿನ ಹಂದಿ ಸಾರಿಗೆ ಮಾತ್ರ ಹಾಕಬೇಡಿ. ನಾನು ಒಮ್ಮೆ ಹಾಕಿ ಒಂದು ವರ್ಷ ಮಾತು ಕೇಳಿದ್ದೇನೆ.) ಹಾಗಾಗಿ ಅತ್ತೆಯ ತೀರ್ಪು ನನಗೆ ಒಪ್ಪಿಗೆಯಾಗಲಿಲ್ಲ. ಬಾಯಲ್ಲಿ ವಾದ ಮಾಡಿ ಅವರನ್ನು ಗೆದ್ದವರಿಲ್ಲ. ಅದಕ್ಕೆ ಮಗಳು ಕೇಕ್ ಮಾಡಲು ತಂದಿಟ್ಟಿದ್ದ ಪುಟ್ಟ ತಕ್ಕಡಿ ತೆಗೆದೆ.

ನಮ್ಮ ಮನೆಯ ರೊಟ್ಟಿ ಗೊತ್ತಲ್ವಾ, ಅನ್ನ ನಾದಿ, ಅಕ್ಕಿ ಹಿಟ್ಟು ಸೇರಿಸಿ ತಟ್ಟುವುದು. ಹಿಟ್ಟು, ಅನ್ನ ಎರಡನ್ನೂ ಒಣ ಅಕ್ಕಿಯ ಲೆಕ್ಕಕ್ಕೆ ತಂದೆ. ಒಂದು ರೊಟ್ಟಿಗೆ ಸುಮಾರು 45 ಗ್ರಾಂ ಅಕ್ಕಿ ಹೋಗುತ್ತಿತ್ತು. ಅಕ್ಕಿಯಲ್ಲಿ ಹೆಚ್ಚುಕಮ್ಮಿ ನೂರಕ್ಕೆ 80 ಪಾಲು ಕಾರ್ಬೋಹೈಡ್ರೇಟ್. ಅಂದರೆ ರೊಟ್ಟಿಗೆ 36 ಗ್ರಾಂ, ಮೂರು ರೊಟ್ಟಿಗೆ 108. ಈಗ ಆಲೂಗಡ್ಡೆ. ಸಾಧಾರಣ ಗಾತ್ರದ್ದು 150 ಗ್ರಾಂ ತೂಗಿತು. ಬೇಯಿಸಿದ ಗಡ್ಡೆಯ 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 20 ಗ್ರಾಂ. ಇಡೀ ಗಡ್ಡೆಗೆ 30. ಒಂದು ರೊಟ್ಟಿಗಿಂತ ಕಮ್ಮಿ! ಏಕೆಂದರೆ ಆಲೂಗಡ್ಡೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಜಾಸ್ತಿ ಬರೀ ನೀರು.

ಲೆಕ್ಕ ಹೇಳಿದಾಗ ಯಜಮಾನರು ತಲೆ ಕೆರೆದುಕೊಂಡರು. ಅತ್ತೆ 'ತಕ್ಕಡಿ ಸರಿ ಇದೆಯಾ?' ಅಂದರು.

ಆಲೂಗಡ್ಡೆ ಸಾಧು ಅಂತ ನಾನು ಹೇಳುತ್ತಿಲ್ಲ. ಬಿಸಿಬಿಸಿಯಾಗಿ ಬೇಯಿಸಿ ಹಿಸುಕಿ ತಿಂದರೆ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ, ಅದು ನಿಜ. ಗ್ಲೈಸೆಮಿಕ್ ಇಂಡೆಕ್ಸ್ ಅಂತಾರಲ್ಲ, ಅದು ಇದಕ್ಕೆ ಜಾಸ್ತಿಯೇ. ಆದರೆ ಅದೇ ಗಡ್ಡೆಯನ್ನು ಬೇಯಿಸಿ ತಣಿಯಲು ಬಿಟ್ಟರೆ ಒಳಗಿನ ಪಿಷ್ಟದಲ್ಲಿ ಒಂದಷ್ಟು ಗಟ್ಟಿ ಕಟ್ಟಿಕೊಳ್ಳುತ್ತದೆ. ಆ ಪಾಲು ಸಣ್ಣ ಕರುಳಿನಲ್ಲಿ ಕರಗುವುದಿಲ್ಲ. ನಾರಿನ ಹಾಗೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ ಆಗುತ್ತದೆ. ಸಕ್ಕರೆಯೂ ಸ್ವಲ್ಪ ನಿಧಾನಕ್ಕೆ ಏರುತ್ತದೆ. ತಣಿದ ಅನ್ನದಲ್ಲೂ ಇದೇ ಆಗುವುದು. ನಾನೀಗ ಬೆಳಿಗ್ಗೆಯೇ ಸಿಪ್ಪೆ ಸಮೇತ ಬೇಯಿಸಿ ಇಟ್ಟುಬಿಡುತ್ತೇನೆ. ಮಧ್ಯಾಹ್ನ ಹೋಳು ಮಾಡಿ, ನಮ್ಮ ತೋಟದ್ದೇ ಕಾಳುಮೆಣಸು ಕುಟ್ಟಿ ಹಾಕಿ, ಉಪ್ಪು, ಚೂರು ಸೂಜಿ ಮೆಣಸು, ನಾಲ್ಕು ಹನಿ ಕಾಚಂಪುಳಿ, ಅದೇ ನಮ್ಮ ಕೊಡಗಿನ ಕಪ್ಪು ಹುಳಿ. ಅಷ್ಟೇ. ಕಾಚಂಪುಳಿ ಮಾಂಸಕ್ಕೇ ಮೀಸಲು ಅಂದುಕೊಂಡವರು ಒಮ್ಮೆ ಇದನ್ನು ತಿಂದು ನೋಡಿ.

ಇದನ್ನು ತಿಂದ ದಿನ ಯಜಮಾನರು ನಾಲ್ಕು ಗಂಟೆಗೆ ಬಿಸ್ಕತ್ ಡಬ್ಬ ಹುಡುಕುವುದಿಲ್ಲ. ಇದಕ್ಕೂ ಕಾರಣ ಇದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಆಹಾರಗಳನ್ನು ಒಂದೇ ಕ್ಯಾಲೊರಿಯಷ್ಟು ಅಳೆದು ಜನರಿಗೆ ತಿನ್ನಿಸಿ, ಯಾವುದು ಹೊಟ್ಟೆ ತುಂಬಿದಂತೆ ಮಾಡುತ್ತದೆ ಅಂತ ನೋಡಿದ್ದರು. ಬಿಳಿ ಬ್ರೆಡ್ಡಿಗೆ 100 ಅಂತ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಮೇಲೆ.

ಇನ್ನು ಒಳಗೆ ಏನೇನಿದೆ ಅಂತ ಕೇಳಿದರೆ, ನನಗೆ ಆಶ್ಚರ್ಯ ಆಗಿದ್ದು ಪೊಟ್ಯಾಸಿಯಂ. ಬಿ.ಪಿ. ಇದ್ದವರಿಗೆ ಬಾಳೆಹಣ್ಣು ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ಬಾಳೆಹಣ್ಣಿನ 100 ಗ್ರಾಂನಲ್ಲಿ ಸುಮಾರು 360 ಮಿಲಿಗ್ರಾಂ. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 380. ಬಿಳಿ ಅನ್ನದಲ್ಲಿ 35ರ ಆಸುಪಾಸು. ಉಪ್ಪಿನ ಸೋಡಿಯಂ ಬಿ.ಪಿ. ಏರಿಸಿದರೆ ಈ ಪೊಟ್ಯಾಸಿಯಂ ಅದನ್ನು ಹಿಡಿದು ಕೆಳಗೆ ಎಳೆಯುತ್ತದೆ. ಹಂದಿ ಉಪ್ಪಿನಕಾಯಿ ತಿನ್ನುವ ನಮಗೆ ಇದು ಬೇಕೇಬೇಕು. ವಿಟಮಿನ್ ಸಿ ಕೂಡ ಇದೆ. ಹಸಿ ಗಡ್ಡೆಯಲ್ಲಿ 20 ಮಿಲಿಗ್ರಾಂ ಇದ್ದದ್ದು ಬೇಯಿಸಿದ ಮೇಲೆ 13ಕ್ಕೆ ಇಳಿಯುತ್ತದೆ. ಅನ್ನದಲ್ಲಿ ಅದು ಸೊನ್ನೆ. ಬಿ6 ಇದೆ, ನಾರು ಎರಡು ಗ್ರಾಂ, ಪ್ರೋಟೀನೂ ಎರಡೇ ಗ್ರಾಂ. ಹಾಗಾಗಿ ಪಕ್ಕದಲ್ಲಿ ಮೊಟ್ಟೆಯೋ ಕಾಳೋ ಮೀನೋ ಇರಲೇಬೇಕು.

ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿದರೆ ಪೊಟ್ಯಾಸಿಯಂ, ವಿಟಮಿನ್ ಸಿ ಎರಡೂ ಒಂದಷ್ಟು ನೀರಿಗೆ ಇಳಿಯುತ್ತವೆ. ಆ ನೀರು ಚೆಲ್ಲಿದರೆ ಅದರ ಜೊತೆಗೇ ಹೋಯಿತು. ಆದರೆ ಪಕ್ಕದ ತೋಟದ ಹಿರಿಯರೊಬ್ಬರಿಗೆ ಕಿಡ್ನಿ ತೊಂದರೆ. ಅವರಿಗೆ ಪೊಟ್ಯಾಸಿಯಂ ಕಮ್ಮಿ ಇರಬೇಕು. ಡಾಕ್ಟರು ಬೇಕಂತಲೇ ಹಾಗೆ ಮಾಡಲು ಹೇಳಿದ್ದಾರೆ, ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಚೆಲ್ಲಿ ತಿನ್ನಿ ಅಂತ. ಅವರ ಮನೆಯಾಕೆ ಬಂದು 'ನೀನು ಹೇಳೋದು ಒಂದು, ಡಾಕ್ಟರು ಹೇಳೋದು ಇನ್ನೊಂದು' ಅಂತ ನನ್ನನ್ನು ತರಾಟೆಗೆ ತೆಗೆದುಕೊಂಡರು. ಕಿಡ್ನಿ ವಿಷಯದಲ್ಲಿ ಡಾಕ್ಟರ ಮಾತೇ ಮಾತು. ನನ್ನ ಬ್ಲಾಗ್ ಅಲ್ಲ.

ಇಷ್ಟೆಲ್ಲ ತಿಳಿದುಕೊಂಡು ಜಂಬ ಬಂದಿತ್ತು ನೋಡಿ, ಆಗ ಆಯಿತು ಎಡವಟ್ಟು.

ಕಕ್ಕಡದ, ಅಂದರೆ ಆಷಾಢದ ಹೊತ್ತಿನ ಜೋರು ಮಳೆಯಲ್ಲಿ ನಮ್ಮ ಕಡೆ ಮರ ಬಿದ್ದು ದಾರಿ ಕಟ್ಟಿದರೆ, ಕರೆಂಟು ಹೋದರೆ, ತರಕಾರಿ ಕೈಗೆ ಸಿಗುವುದಿಲ್ಲ. ಅದಕ್ಕೆ ನಮ್ಮ ಜಿಲ್ಲೆಯದೇ ಶನಿವಾರಸಂತೆ ಊರಿಗೆ ಹೋದವರ ಕೈಲಿ 20 ಕಿಲೋ ಚೀಲವೊಂದನ್ನು ತರಿಸಿದೆ. ಆ ಕಡೆಯೂ, ಪಕ್ಕದ ಹಾಸನ ಜಿಲ್ಲೆಯಲ್ಲೂ ಆಲೂಗಡ್ಡೆ ಬೆಳೆಯುತ್ತಾರೆ. ಮುಂಗಾರಿನ ಮೊದಲ ಮಳೆಗೆ ಬಿತ್ತುತ್ತಾರೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತದೆ. ಮಳೆ ಬಿಡದೆ ಹಿಡಿದರೆ ಅಂಗಮಾರಿ ಬಂದು ಇಡೀ ಹೊಲ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಬರಗಾಲ ತಂದದ್ದೂ ಇದೇ ರೋಗ.

ಚೀಲ ಬಂತು. ಕೆಳಗೆ ಎಲ್ಲಿಟ್ಟರೂ ತೇವ. ನೆಲವೇ ಬೆವರುವ ಕಾಲ. ಅಟ್ಟ ಒಣಗಿದೆ ಅಂತ ಅಲ್ಲಿ ಗೋಣಿ ಹಾಸಿ ಹರಡಿಸಿದೆ. ಮೇಲೆ ಒಂದು ಗಾಜಿನ ಹೆಂಚು ಇರುವುದು ನನಗೆ ಹೊಳೆಯಲೇ ಇಲ್ಲ. ಕತ್ತಲ ಅಟ್ಟಕ್ಕೆ ಬೆಳಕು ಬರಲಿ ಅಂತ ಮಾವನವರು ಹಾಕಿಸಿದ್ದ ಹೆಂಚು. ಮೂರು ವಾರ ಬಿಟ್ಟು ಏಣಿ ಹತ್ತಿ ನೋಡಿದರೆ, ಹೆಂಚಿನ ಕೆಳಗೆ ಚೌಕಾಕಾರವಾಗಿ ಗಡ್ಡೆಗಳೆಲ್ಲ ಹಸಿರು. ಅಂಚಿನಲ್ಲಿ ಗೆರೆ ಎಳೆದ ಹಾಗೆ ನಿಂತಿತ್ತು ಹಸಿರು. ನೆರಳಲ್ಲಿದ್ದವು ಚೆನ್ನಾಗಿಯೇ ಇದ್ದವು. ಕೆಲವಕ್ಕೆ ಒಂದು ಪಕ್ಕ ಮಾತ್ರ ಹಸಿರು, ಬೆಳಕಿಗೆ ಮುಖ ಮಾಡಿದ ಪಕ್ಕ.

ಸಿಪ್ಪೆ ತೆಗೆದರೆ ಆಯಿತು ಅಂತ ನಾಲ್ಕು ಹೆಚ್ಚಿ ಪಲ್ಯ ಮಾಡಿದೆ. ಅತ್ತೆ ಬಾಯಿಗೆ ಒಂದು ಹೋಳು ಇಟ್ಟವರೇ ಎದ್ದು ಹೋಗಿ ಅಂಗಳಕ್ಕೆ ಉಗಿದರು. 'ಹಾಗಲಕಾಯಿ ಹಾಕಿದ್ದೀಯಾ?' ಅಂತ ಕೇಳಿದರು.

ಆ ಕಹಿಯ ಹೆಸರು ಸೊಲನೈನ್. ಹಸಿರು ಬಣ್ಣ ಬರೀ ಎಲೆಯ ಹಸಿರು, ಅದರಿಂದ ತೊಂದರೆ ಇಲ್ಲ. ಆದರೆ ಬಣ್ಣ ಬರಿಸಿದ ಬೆಳಕೇ ಒಳಗೆ ಈ ವಿಷವನ್ನೂ ಹೆಚ್ಚಿಸುತ್ತದೆ. ಸಿಪ್ಪೆಯಲ್ಲಿ, ಕಣ್ಣುಗಳಲ್ಲಿ, ಮೊಳಕೆಯಲ್ಲಿ ಜಾಸ್ತಿ. ಬೇಯಿಸಿದರೆ ಹೋಗುವುದಿಲ್ಲ, ಅದೇ ಕಷ್ಟ. ಜಾಸ್ತಿ ಹೊಟ್ಟೆಗೆ ಹೋದರೆ ಹೊಟ್ಟೆನೋವು, ವಾಂತಿ, ಭೇದಿ. ಚೂರು ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಬಹುದು. ಪೂರ್ತಿ ಹಸಿರಾದದ್ದು, ಕಹಿ ಇರುವುದು ಎಸೆಯಬೇಕು. ಹಸುವಿಗೂ ಹಾಕಬಾರದು. ನಾನು ಹಾಕಲು ಹೊರಟಿದ್ದೆ, ಯಜಮಾನರು ತಡೆದರು. ಎಂಟು ಕಿಲೋ ಗೊಬ್ಬರದ ಗುಂಡಿಗೆ ಹೋಯಿತು.

ಉಳಿದದ್ದನ್ನು ಹೆದರಿ ಫ್ರಿಜ್ಜಿಗೆ ತುಂಬಿದೆ. ಎರಡನೇ ತಪ್ಪು. ಬೆಂಗಳೂರಿನಿಂದ ಬಂದ ಅತಿಥಿಗಳ ಮಕ್ಕಳು ಫಿಂಗರ್ ಚಿಪ್ಸ್ ಕೇಳಿದವು. ಎಣ್ಣೆಗೆ ಬಿಟ್ಟ ಎರಡೇ ನಿಮಿಷಕ್ಕೆ ಕಂದು ಬಣ್ಣ, ಒಳಗೆ ಇನ್ನೂ ಹಸಿ. ಬಾಯಿಗಿಟ್ಟರೆ ಸಿಹಿ. ಚಳಿಯಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ ತಿರುಗುತ್ತದಂತೆ. ಆ ಸಕ್ಕರೆ ಕಾದ ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ, ಜೊತೆಗೆ ಅಕ್ರಿಲಮೈಡ್ ಅನ್ನುವ ಒಳ್ಳೆಯದಲ್ಲದ ವಸ್ತುವೂ ಜಾಸ್ತಿ ಹುಟ್ಟುತ್ತದೆ. ಮಕ್ಕಳು ಆ ಚಿಪ್ಸನ್ನೂ ಖಾಲಿ ಮಾಡಿದವು ಅನ್ನಿ, ಟೊಮೆಟೊ ಸಾಸ್ ಇದ್ದರೆ ಅವಕ್ಕೆ ಯಾವುದಾದರೂ ನಡೆಯುತ್ತದೆ.

ನಿಜವಾದ ಕಳ್ಳ ಸಿಕ್ಕಿದ್ದೂ ಇಲ್ಲೇ. ಹಸಿ ಆಲೂಗಡ್ಡೆಯ 100 ಗ್ರಾಂನಲ್ಲಿ 77 ಕ್ಯಾಲೊರಿ. ಫಿಂಗರ್ ಚಿಪ್ಸ್ ಆದಾಗ ಅಷ್ಟೇ ತೂಕಕ್ಕೆ 310ರ ಹತ್ತಿರ. ಪ್ಯಾಕೆಟ್ ಚಿಪ್ಸಿಗೆ 530 ದಾಟುತ್ತದೆ. ನೀರು ಹೊರಗೆ, ಎಣ್ಣೆ ಒಳಗೆ. ಗಡ್ಡೆ ಪಾಪ ಅಲ್ಲೇ ಇರುತ್ತದೆ, ಬೈಗುಳ ಮಾತ್ರ ಅದಕ್ಕೆ.

ಈಗ ನಮ್ಮ ಗಡ್ಡೆಗಳು ಹಳೇ ಮಂಚದ ಕೆಳಗೆ, ಬಿದಿರಿನ ಬುಟ್ಟಿಯಲ್ಲಿ, ಮೇಲೆ ಕಾಫಿ ಚೀಲ ಹೊದ್ದು ಮಲಗಿವೆ. ಕತ್ತಲೆ, ಗಾಳಿ ಎರಡೂ ಇದೆ. ಒಂದು ಸಲಕ್ಕೆ ನಾಲ್ಕು ಕಿಲೋಗಿಂತ ಜಾಸ್ತಿ ತರುವುದಿಲ್ಲ. ಯಜಮಾನರ ರೊಟ್ಟಿ ಮೂರರಿಂದ ಒಂದಕ್ಕೆ ಇಳಿದಿದೆ. ಆಲೂಗಡ್ಡೆ ಇದ್ದ ದಿನ ಅದೂ ಇಲ್ಲ. ಎರಡೂ ಒಟ್ಟಿಗೆ ತಟ್ಟೆಗೆ ಬರುವ ಹಾಗಿಲ್ಲ, ಅದೊಂದೇ ಕಾನೂನು. ಪೂರಿ ಜೊತೆ ಆಲೂಗಡ್ಡೆ ಪಲ್ಯ ಬೇಕು ಅನ್ನುವವರು ನನ್ನ ಮೇಲೆ ಸಿಟ್ಟಾಗಬೇಡಿ.

ಮೊನ್ನೆ ಸಂಜೆ ಜೋರು ಮಳೆ. ಬಚ್ಚಲ ಒಲೆಯ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಹಂಡೆ ನೀರು ಕಾಯುತ್ತಿತ್ತು. ಕಡ್ಡಿಯಲ್ಲಿ ಬೂದಿ ಕೆದಕಿ ಏನೋ ಹೊರಗೆ ಎಳೆದರು. ಸುಟ್ಟ ಆಲೂಗಡ್ಡೆ, ಸಿಪ್ಪೆ ಬಿರಿದು ಒಳಗಿನ ಹಳದಿ ಕಾಣುತ್ತಿತ್ತು. ಮೊದಲೆಲ್ಲ ಹಲಸಿನ ಬೀಜ, ಗೆಣಸು ಸುಡುತ್ತಿದ್ದ ಜಾಗ ಅದು. ಸೆರಗಿನಲ್ಲಿ ಹಿಡಿದು ಅಡುಗೆ ಮನೆಗೆ ಬಂದರು. ಮಗನ ತಟ್ಟೆಗೆ ಹಾಕುತ್ತಾರೆ ಅಂದುಕೊಂಡರೆ ನೇರ ನನ್ನ ತಕ್ಕಡಿ ಮೇಲೆ ಇಟ್ಟರು. 162 ಅಂತ ತೋರಿಸಿತು.

ಕನ್ನಡಕ ಸರಿ ಮಾಡಿಕೊಂಡು ನೋಡಿದರು. 'ಬೂದಿಯ ತೂಕ ಕಳೆ' ಅಂದರು.