ಕ್ರಾಮ್‌ವೆಲ್‌ನಿಂದ ಕ್ಲೈಡ್‌ಗೆ ಸೈಕಲ್ ಸವಾರಿ: ಹೊರಡುವ ಮುನ್ನ ತಿಳಿದಿರಬೇಕಾದ್ದು

ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮಿಲ್ಫರ್ಡ್ ಸೌಂಡ್ ನೋಡಿ, ಜೆಟ್ ಬೋಟ್ ಹತ್ತಿಳಿದು ವಾಪಸ್ಸಾಗುತ್ತಾರೆ. ಸೈಕಲ್ ತುಳಿಯುವ ಅಭ್ಯಾಸ ಇದ್ದವರು ಇನ್ನೊಂದು ದಿನ ಉಳಿಸಿಕೊಳ್ಳಿ. ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಕ್ರಾಮ್‌ವೆಲ್‌ನಿಂದ ಕ್ಲೈಡ್‌ವರೆಗೆ, ಕ್ಲೂಥಾ ನದಿಯ ಕಮರಿಯ ಬಂಡೆಗಳನ್ನು ಕಡಿದು ಮಾಡಿದ ಲೇಕ್ ಡನ್‌ಸ್ಟನ್ ಟ್ರೇಲ್ ಎಂಬ ಸೈಕಲ್ ದಾರಿ 2021ರ ಮೇ ತಿಂಗಳಲ್ಲಿ ತೆರೆದುಕೊಂಡಿತು. ದೂರ ಸುಮಾರು 42 ಕಿ.ಮೀ. ಪ್ರವೇಶ ಶುಲ್ಕ ಇಲ್ಲ. ನಿಂತು ನೋಡುತ್ತಾ ಹೋದರೆ ನಾಲ್ಕರಿಂದ ಐದು ಗಂಟೆ.

ನಂದಿಬೆಟ್ಟ ಹತ್ತಿದವರಿಗೆ 42 ಕಿ.ಮೀ. ದೊಡ್ಡದಲ್ಲ. ಇಲ್ಲಿ ಕಷ್ಟ ಬೇರೆ ಕಡೆ ಇದೆ: ಅರ್ಧ ದಾರಿಯಲ್ಲಿ ಸಾಕು ಅನ್ನಿಸಿದರೆ ಹೊರಬೀಳಲು ದಾರಿಯಿಲ್ಲ. ಕ್ಲೈಡ್ ಅಣೆಕಟ್ಟು ಕಟ್ಟಿ 1992-93ರಲ್ಲಿ ನೀರು ತುಂಬಿಸಿದಾಗ ಕಮರಿಯ ಹಳೆಯ ರಸ್ತೆ, ರೈಲು ದಾರಿ ಎಲ್ಲ ಮುಳುಗಿದವು. ಹೊಸ ಹೆದ್ದಾರಿ ಇರುವುದು ನದಿಯ ಎಡದಡದಲ್ಲಿ, ನೀವು ಸಾಗುವುದು ಬಲದಡದಲ್ಲಿ. ಲಾರಿ ಕಾರುಗಳು ಎದುರಿಗೇ ಓಡಾಡುತ್ತಿರುತ್ತವೆ, ಮಧ್ಯೆ ಅಣೆಕಟ್ಟಿನಿಂದಾದ ಆಳವಾದ ಡನ್‌ಸ್ಟನ್ ಸರೋವರ. ಮುಂದಿನ ತಯಾರಿಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಕ್ರಾಮ್‌ವೆಲ್‌ನ ಹೆರಿಟೇಜ್ ಪ್ರಿಸಿಂಕ್ಟ್‌ನಿಂದ ಹೊರಡಿ. ಹಳೆ ಊರಿನ ಮುಖ್ಯ ಬೀದಿ ಮುಳುಗುವ ಮೊದಲು ಉಳಿಸಿಕೊಂಡ, ಮತ್ತೆ ಕಟ್ಟಿದ ಚಿನ್ನದ ಗಣಿ ಕಾಲದ ಕಟ್ಟಡಗಳು ಇಲ್ಲಿವೆ. ದಾರಿ ಮೊದಲು ಸರೋವರಕ್ಕೆ ಸೇರುವ ಕವಾರೌ ನದಿಯ ತೋಳಿನಗುಂಟ ಬ್ಯಾನಕ್‌ಬರ್ನ್ ಊರಿನ ಕಡೆಗೆ ಸಾಗಿ, ಸೇತುವೆ ದಾಟಿ, ಆಚೆ ದಡದಲ್ಲಿ ಹಿಂದಕ್ಕೆ ಬರುತ್ತದೆ. ಹಾಗಾಗಿ ಸುಮಾರು 16 ಕಿ.ಮೀ. ತುಳಿದು ಕಾರ್ನಿಷ್ ಪಾಯಿಂಟ್ ಮುಟ್ಟಿದಾಗ, ಹೊರಟ ಜಾಗ ನೀರಿನಾಚೆ ಎದುರಿಗೇ ಕಾಣುತ್ತದೆ. ಇಷ್ಟೇನಾ ಬಂದಿದ್ದು ಎಂದು ಬೇಜಾರಾಗುವುದು ಸಹಜ. ಆದರೆ ಇದೇ ತೀರ್ಮಾನದ ಜಾಗ. ಇಲ್ಲಿಯವರೆಗೆ ದಾರಿ ಸಮತಟ್ಟು, ದ್ರಾಕ್ಷಿ ತೋಟಗಳ ನಡುವೆ ಆರಾಮ. ಕಾರು ಬರುವ ರಸ್ತೆಯೂ ಇದೆ. ಮೊಣಕಾಲು ನೋವು, ಬ್ರೇಕ್ ಸದ್ದು, ಅರ್ಧಕ್ಕಿಂತ ಕೆಳಗಿಳಿದ ಇ-ಬೈಕ್ ಬ್ಯಾಟರಿ, ಜೋರು ಗಾಳಿಯ ಮುನ್ಸೂಚನೆ, ಇವುಗಳಲ್ಲಿ ಯಾವುದಿದ್ದರೂ ಇಲ್ಲೇ ತಿರುಗಿ. ಮುಂದಿನ 25 ಕಿ.ಮೀ.ಯಲ್ಲಿ ಅಣೆಕಟ್ಟಿನ ಬಳಿಯ ಡೇರಿ ಕ್ರೀಕ್ ಬರುವತನಕ ವಾಹನ ಸಿಗದು.

ಕಾರ್ನಿಷ್ ಪಾಯಿಂಟ್ ದಾಟಿದ ಮೇಲೆ ಬಂಡೆಗೆ ತೂಗುಹಾಕಿದಂತಿರುವ ಹಲಗೆ ಅಟ್ಟಣೆಗಳು ಶುರು. ಕೆಳಗೆ ನೇರ ನೀರು. ಅಟ್ಟಣೆಗಳಿಗೆ ಹೊರಬದಿ ಕಂಬಿ ಇದೆ, ಆದರೆ ಅವುಗಳ ನಡುವಿನ ಮಣ್ಣಿನ ದಾರಿಗೆ ಬಹಳ ಕಡೆ ಏನೂ ಇಲ್ಲ. ನ್ಯೂಜಿಲೆಂಡ್‌ನಲ್ಲೂ ನಮ್ಮಂತೆಯೇ ಎಡಬದಿ ಸಂಚಾರ. ಕ್ರಾಮ್‌ವೆಲ್‌ನಿಂದ ಹೊರಟವರಿಗೆ ನೀರು ಉದ್ದಕ್ಕೂ ಎಡಗಡೆಗೇ. ಅಂದರೆ ಎದುರಿನವರಿಗೆ ಜಾಗ ಬಿಡುವಾಗ ಅಂಚಿಗೆ ಸರಿಯಬೇಕಾದವರು ನೀವು. ಆದ್ದರಿಂದ ತಿರುವಿಗೆ ಮೊದಲೇ ಗಂಟೆ ಬಾರಿಸಿ, ಯಾರಾದರೂ ಬರುತ್ತಿದ್ದರೆ ಅಗಲವಾದ ಕಡೆ ಮೊದಲೇ ನಿಂತುಬಿಡಿ, ಅಟ್ಟಣೆಯ ಮೇಲೆ ಪಕ್ಕಪಕ್ಕದಲ್ಲಿ ದಾಟಲು ಹೋಗಬೇಡಿ. ಎತ್ತರದ ಭಯ ಇದ್ದವರು ಇಳಿದು ನಡೆಯಲಿ, ಸೈಕಲ್ಲನ್ನು ಹೊರಬದಿಗೆ ಹಿಡಿದುಕೊಂಡು. ಆಗ ನಿಮಗೂ ಅಂಚಿಗೂ ನಡುವೆ ಸೈಕಲ್ ಇರುತ್ತದೆ.

ಅಂಚಿಗೆ ಹೆದರಿ ಬಂಡೆ ಕಡೆ ವಾಲಿದರೂ ಬೀಳಬಹುದು. ಈಗಿನ ಮೌಂಟನ್ ಬೈಕ್ ಹ್ಯಾಂಡಲ್ 75 ಸೆಂ.ಮೀ. ಆಸುಪಾಸು ಅಗಲ. ಅದರ ಬಲ ತುದಿ ಬಂಡೆಗೆ ತಾಗಿದರೆ ಹ್ಯಾಂಡಲ್ ಬಲಕ್ಕೆ ತಿರುಚಿ ಚಕ್ರ ಸಿಕ್ಕಿಕೊಳ್ಳುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ದಾರಿಯ ಮಧ್ಯದಲ್ಲಿರಿ, ನೀರಿನ ಕಡೆಯಾಗಲಿ ಮುಂಚಕ್ರವನ್ನಾಗಲಿ ನೋಡದೆ ಐದಾರು ಮೀಟರ್ ಮುಂದೆ ದೃಷ್ಟಿ ನೆಡಿ. ಫೋಟೊ ಬೇಕಿದ್ದರೆ ನಿಂತು ತೆಗೆಯಿರಿ.

ಕಮರಿಯ ನಡುಭಾಗದಲ್ಲಿ ಕೇರ್ನ್‌ಮ್ಯೂರ್ ಲ್ಯಾಡರ್ ಎಂಬ ಹಾವುಸುತ್ತಿನ ಏರು ಬರುತ್ತದೆ. ಹೆಸರಿನಷ್ಟು ಭಯಂಕರವಲ್ಲ, ಆದರೆ ಗೇರ್ ತಪ್ಪಿದರೆ ನಡೆದೇ ಹತ್ತಬೇಕು. ಏರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ. ಇ-ಬೈಕಿನವರು ಮೋಟರ್ ಪೂರ್ತಿ ಎಳೆಯುತ್ತಿರುವಾಗ ಗೇರ್ ಬದಲಿಸಿದರೆ ಚೈನ್ ಕಳಚಬಹುದು, ಕೆಲವೊಮ್ಮೆ ತುಂಡಾಗಲೂಬಹುದು. ಒಂದು ಕ್ಷಣ ಪೆಡಲ್ ಒತ್ತಡ ಸಡಿಲಿಸಿ ಬದಲಿಸಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು ತಿರುವಿಗೆ ಮೊದಲು. ತಿರುವಿನೊಳಗೆ ಸಡಿಲ ಜಲ್ಲಿ ಇರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುವುದು ಖಂಡಿತ. ಇಳಿದ ಮೇಲೆ ಹ್ಯೂಗೋ ತೂಗುಸೇತುವೆ, ಸುಮಾರು 85 ಮೀಟರ್ ಉದ್ದ. ಗಾಳಿ ಇದ್ದರೆ ಅಲ್ಲಾಡುತ್ತದೆ. ಅಂತರ ಬಿಟ್ಟು ಒಬ್ಬೊಬ್ಬರಾಗಿ ದಾಟಿ.

ಕ್ರಾಮ್‌ವೆಲ್‌ನಿಂದಲೇ ಹೊರಡಿ ಎನ್ನುವುದಕ್ಕೆ ಕಾರಣ ಗಾಳಿ. ಇಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದಿಂದ, ಕಮರಿಯ ದಿಕ್ಕೂ ಅದೇ. ಬೆನ್ನಿಗೆ ಗಾಳಿ ಇದ್ದರೆ ಹಬ್ಬ. ಕ್ಲೈಡ್‌ನಿಂದ ಹೊರಟು ಅದನ್ನು ಎದೆಗೆ ತೆಗೆದುಕೊಂಡರೆ ಇ-ಬೈಕಿನ ಬ್ಯಾಟರಿಯೂ ಸುಸ್ತಾಗುತ್ತದೆ. ಮೋಟರ್ ಕಡಿಮೆ ನೆರವು ಕೊಡುವ ಇಕೋ ಮೋಡ್‌ನಲ್ಲಿ ಕಿ.ಮೀ.ಗೆ ಸುಮಾರು 10 ವಾಟ್-ಗಂಟೆ ಲೆಕ್ಕ ಹಾಕಿದರೆ 500 ವಾಟ್-ಗಂಟೆಯ ಬ್ಯಾಟರಿ ಸಾಕು, ಉದ್ದಕ್ಕೂ ಪೂರ್ತಿ ನೆರವಿನ ಟರ್ಬೊದಲ್ಲಿ ಹೋದರೆ ಸಾಲದು.

ಗಾಡಿ ವ್ಯವಸ್ಥೆಯಲ್ಲಿ ಒಂದು ಉಪಾಯ: ಕಾರನ್ನು ಕ್ಲೈಡ್‌ನಲ್ಲಿ ನಿಲ್ಲಿಸಿ, ಬೆಳಿಗ್ಗೆಯೇ ಶಟಲ್ (ಸವಾರರನ್ನೂ ಸೈಕಲ್ಲನ್ನೂ ಒಯ್ಯುವ ಬಾಡಿಗೆ ವ್ಯಾನ್) ಹಿಡಿದು ಕ್ರಾಮ್‌ವೆಲ್‌ಗೆ ಬಂದುಬಿಡಿ. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ಸಂಜೆ ಶಟಲ್ ಇಟ್ಟುಕೊಂಡರೆ ಪಂಕ್ಚರ್ ಆದಾಗ ಕೈ ನಡುಗುತ್ತದೆ, ಕೊನೆಯ ಹತ್ತು ಕಿ.ಮೀ. ಗಡಿಯಾರ ನೋಡುತ್ತಲೇ ತುಳಿಯುವಂತಾಗುತ್ತದೆ. ಇ-ಬೈಕ್ ಆದರೆ ಬುಕ್ ಮಾಡುವಾಗಲೇ ಹೇಳಿ, ಭಾರದ ಕಾರಣ ಎಲ್ಲ ರ‍್ಯಾಕ್‌ಗಳೂ ಅದನ್ನು ಹೊರುವುದಿಲ್ಲ.

ನೀರು ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಸೆಂಟ್ರಲ್ ಒಟಾಗೊ ನ್ಯೂಜಿಲೆಂಡ್‌ನ ಅತಿ ಒಣ ಪ್ರದೇಶ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ 30 ಡಿಗ್ರಿ ದಾಟುವ ದಿನಗಳು ಮಾಮೂಲು, ಕಮರಿಯಲ್ಲಿ ಮರವಿಲ್ಲ. ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಯಾಕೆ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಕಮರಿಯಲ್ಲಿ ದೋಣಿಯ ಮೇಲೆ ನಡೆಯುವ ತೇಲುವ ಕಾಫಿ ಅಂಗಡಿಯೊಂದಿದೆ. ತೆರೆದಿದ್ದರೆ ಭಾಗ್ಯ, ನಂಬಿಕೊಂಡು ಹೋಗಬೇಡಿ. ಬುತ್ತಿಯನ್ನು ಕ್ರಾಮ್‌ವೆಲ್ ಸೂಪರ್‌ಮಾರ್ಕೆಟ್‌ನಲ್ಲಿ ಕಟ್ಟಿಸಿಕೊಳ್ಳಿ. ಊರಿಂದ ತಂದ ಚಟ್ನಿಪುಡಿ, ಚಕ್ಕುಲಿ ಏನಿದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಅಪಾಯಕಾರಿ ಎನ್ನಿಸುವ ಪದಾರ್ಥ ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ಡಾಲರ್ ದಂಡ. ಮಣ್ಣು ಮೆತ್ತಿದ ಶೂ, ಟೈರ್‌ಗೂ ಇದೇ ನಿಯಮ.

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವಾಗ ಟೈರ್ ಎರಡು ಇಂಚಿನ ಆಸುಪಾಸು ಇರಲಿ. ತೆಳು ಟೈರಿನ ರೋಡ್ ಬೈಕ್ ಇಲ್ಲಿ ನಡೆಯದು. ದಾರಿಬದಿಯಲ್ಲಿ ಬ್ರಯರ್ ಗುಲಾಬಿಯ ಮುಳ್ಳು ಧಾರಾಳ. ಒಂದು ಟ್ಯೂಬ್, ಟೈರ್ ಲಿವರ್, ಪಂಪ್, ಅಲೆನ್ ಕೀ, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ಜೊತೆಗಿರಲಿ. ಬಾಡಿಗೆ ಚೀಲದಲ್ಲಿ ಟ್ಯೂಬ್ ಇದೆ ಎಂದರೆ ಸಾಲದು, ಚಕ್ರ 29 ಇಂಚೋ 27.5 ಇಂಚೋ ಎಂದು ಟೈರಿನ ಮೇಲೆ ಓದಿ ಹೊಂದಿಸಿ ನೋಡಿ. ಹೆಲ್ಮೆಟ್ ಅಲ್ಲಿ ಕಾನೂನು. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ತುರ್ತು ಸಂಖ್ಯೆ 111.

ಕಾಲ ಎಂದರೆ ಮಾರ್ಚ್-ಏಪ್ರಿಲ್ ಎಲ್ಲಕ್ಕಿಂತ ಚೆನ್ನ. ನವೆಂಬರ್‌ನಲ್ಲಿ ಹೋದರೆ ಗುಡ್ಡದ ತುಂಬ ಕಾಡು ಥೈಮ್ ಹೂ, ಗಾಳಿಯಲ್ಲೇ ಘಮ. ಜೂನ್-ಜುಲೈನಲ್ಲಿ ಬೆಳಕು ಸಂಜೆ ಐದಕ್ಕೇ ಮುಗಿಯುತ್ತದೆ, ಇಬ್ಬನಿ ಹೆಪ್ಪುಗಟ್ಟಿದ ಹಲಗೆ ಪಾಚಿ ಕಟ್ಟಿದ ಮೆಟ್ಟಿಲಿನಷ್ಟೇ ಜಾರುತ್ತದೆ. ಬಲದಡಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ, ಆದ್ದರಿಂದ ಚಳಿಗಾಲದಲ್ಲಿ ಹಿಮ ಕರಗಿದ ಮೇಲೆ ಹೊರಟು, ಮಧ್ಯಾಹ್ನ ನೆರಳು ಕವಿಯುವ ಮೊದಲು ಲ್ಯಾಡರ್ ದಾಟಿ.

ಚಿಕ್ಕ ಮಕ್ಕಳಿದ್ದರೆ, ಟ್ರೇಲರ್ ಎಳೆಯುವುದಿದ್ದರೆ ಕಮರಿ ಬೇಡ. ಇದೇ ಟ್ರೇಲ್‌ನ ಉತ್ತರದ ತುದಿಯಾದ ಸ್ಮಿತ್ಸ್ ವೇಯಿಂದ ಕ್ರಾಮ್‌ವೆಲ್‌ಗೆ ಸರೋವರದ ಪಕ್ಕದಲ್ಲೇ ಬರುವ ಸುಲಭ ತುಂಡು ಅವರಿಗೆ ಸರಿ, ಉದ್ದಕ್ಕೂ ಹೆದ್ದಾರಿ ಹತ್ತಿರದಲ್ಲೇ ಇರುತ್ತದೆ. ಕಾಲಲ್ಲಿ ಇನ್ನೂ ಕಸುವಿದ್ದವರಿಗೆ ಕ್ಲೈಡ್‌ನಿಂದಲೇ 152 ಕಿ.ಮೀ.ಯ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ ಹೊರಡುತ್ತದೆ, ಅದಕ್ಕೆ ಇನ್ನೂ ಮೂರು-ನಾಲ್ಕು ದಿನ ಬೇಕು.